ಕುರಿಗೆ ನಿಲ್ಲುವ ರಸ್ತೆ

ರಸ್ತೆ ಕೆಟ್ಟಿದ್ದರೆ ಊರು ಹಿಂದುಳಿದಿದೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕೆಟ್ಟ ರಸ್ತೆಯಷ್ಟು ಸಂಭಾವಿತ ವಸ್ತು ಇನ್ನೊಂದಿಲ್ಲ. ಎಂಥ ಗರ್ವಿಷ್ಠ ಲಾರಿಯೂ ಅದರ ಮೇಲೆ ತಲೆ ತಗ್ಗಿಸಿ, ಹೊಸ ಸೊಸೆಯ ಹಾಗೆ ಹೆಜ್ಜೆ ಅಳೆದು ಬರುತ್ತದೆ. ಗಡಿಯಾಚೆಯ ಮರಾಠಿ ಸೀಮೆಯಲ್ಲಿ, ಜತ್ತದಿಂದ ಸೋನ್ಯಾಳದ ಕಡೆಗೆ ಹೋಗುವಾಗ ಸಿಗುವ ಊರೊಂದರಲ್ಲಿ ನಾನು ಕನ್ನಡ ಸಾಲಿಯ ಮಾಸ್ತರನಾಗಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯವರು ಈಗಲೂ ನನ್ನನ್ನು ಕಂಡರೆ ಕರೆದು ಚಹಾ ಕುಡಿಸುತ್ತಾರೆ, ಅದನ್ನು ಕಳೆದುಕೊಳ್ಳಲು ನಾನು ತಯಾರಿಲ್ಲ. ಆ ಸಾಲಿಯ ಮುಂದೆ ಅಂಥದೇ ಒಂದು ಸಂಭಾವಿತ ರಸ್ತೆ ಇತ್ತು. ಎಪ್ಪತ್ತರ ದಶಕ ಶುರುವಾದ ಹೊಸತರಲ್ಲಿ ಅದಕ್ಕೆ ಡಾಂಬರು ಬಂತು. ಮಾವಿನ ತೋರಣ ಕಟ್ಟಿ, ತೆಂಗಿನಕಾಯಿ ಒಡೆದು, ಪೇಢೆ ಹಂಚಿದರು. ಭಾಷಣ ಮಾಡಿದವನು ನಾನೇ. ಮರಾಠಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ, ಆ ರಸ್ತೆಯನ್ನು ಹೊಟ್ಟೆತುಂಬ ಹೊಗಳಿದೆ.

ಹೊಗಳಿಸಿಕೊಂಡ ರಸ್ತೆ ಕೆಟ್ಟುಹೋಯಿತು. ದಿಬ್ಬದ ಮೇಲಿನಿಂದ ಇಳಿಜಾರು, ಇಳಿಜಾರಿನ ಬುಡಕ್ಕೆ ಸಾಲಿ. ಲಾರಿಗಳು ಬಾಯಿ ಮಾಡುತ್ತ ಧಾವಿಸತೊಡಗಿದವು. ದೂರದ ಹೊಲಮನೆಗಳ ವಸ್ತಿಗಳಿಂದ ಬರುವ ಹುಡುಗರು ಅಪ್ಪನ ದೊಡ್ಡ ಸೈಕಲ್ಲಿನ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ, ಅರ್ಧ ಏಡಿಯಂತೆ, ಅರ್ಧ ಮನುಷ್ಯರಂತೆ ತುಳಿಯುತ್ತಿದ್ದರು. ಅವರ ಸೈಕಲ್ಲಿಗೆ ಬ್ರೇಕು ಎಂದರೆ ಚಪ್ಪಲಿ. ಚಪ್ಪಲಿಯೂ ಎಲ್ಲರಿಗೆ ಇರಲಿಲ್ಲ. ಒಂದು ಸಂಜೆ ಸಾಲಿ ಬಿಟ್ಟಾಗ, ಅಂಥ ಒಬ್ಬ ಹುಡುಗನ ಬೆನ್ನಿಗೇ ಲಾರಿಯೊಂದು ಹಾರ್ನ್ ಬಾರಿಸಿತು. ಅವನು ಹೆದರಿ ಹ್ಯಾಂಡಲ್ ತಿರುಗಿಸಿ, ನಡೆದು ಹೋಗುತ್ತಿದ್ದ ಹುಡುಗಿಯರ ಮೇಲೆ ಬಿದ್ದ. ಮೂರನೆಯ ಇಯತ್ತೆಯ ಶಾಂತಾಳ ಬಲಗೈ ಮುರಿಯಿತು. ಲಾರಿ ನಿಲ್ಲಲಿಲ್ಲ.

ಮರುದಿನ ಶಾಂತಾಳ ಅಪ್ಪ ಶಿವಪ್ಪ ಸಾಲಿಗೆ ಬಂದು ಹೊಸ್ತಿಲ ಹೊರಗೇ ನಿಂತ. “ಮಾಸ್ತರ್ರ, ಇನ್ನ ಆಕಿ ಹೆಸರು ತಗೀರಿ. ಸಾಲಿ ಕಲ್ತು ಕೈ ಮುರಕೊಳ್ಳೂದಕಿಂತ ಮನ್ಯಾಗ ರೊಟ್ಟಿ ಬಡೀಲಿ” ಎಂದ. ಮುರಿದ ಕೈಯಲ್ಲಿ ರೊಟ್ಟಿ ಬಡಿಯುವುದು ಹೇಗೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಆ ವಾರವೇ ಇನ್ನೂ ಕೆಲವು ಹುಡುಗಿಯರು ಬರುವುದನ್ನು ಬಿಟ್ಟರು. ಹುಡುಗಿಯರನ್ನು ಮನೆಮನೆಗೆ ಹೋಗಿ, ಅಜ್ಜಿಯರ ಬೈಗುಳ ತಿಂದು ಕರೆತಂದವನು ನಾನು. ಡಾಂಬರು ಅವರನ್ನು ಒಂದೇ ವಾರದಲ್ಲಿ ವಾಪಸು ಕಳಿಸಿತು. ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಸಾಮಾನ್ಯವಾಗಿ ಮನೆಯ ಹೊಸ್ತಿಲು ದಾಟುವುದಿಲ್ಲ, ದಾಟಲು ಹೆಂಡತಿ ಬಿಡುವುದಿಲ್ಲ. ಈ ಸಲ ಅವಳೇ ಕೋಟು ತಂದು ಕೊಟ್ಟು, “ಜತ್ತಕ್ಕ ಹೋಗಿ ಸಾಹೇಬ್ರ ಮುಂದ ಹೇಳ್ರಿ. ನನ್ನ ಮುಂದ ಹೇಳಿದ್ರ ರಸ್ತಾ ಸುಧಾರಸ್ತೈತೇನು?” ಎಂದಳು.

ರಸ್ತೆಯ ಸಾಹೇಬರು ನನ್ನ ಮಾತನ್ನು ಪೂರ್ತಿ ಕೇಳಲಿಲ್ಲ. “ಗುರೂಜಿ, ರಸ್ತಾ ಇರೂದು ಗಾಡಿಗೋಳಿಗೆ. ನಿಮ್ಮ ಪೋರಗೋಳ್ನ ನೀವು ಸಂಭಾಳಿಸ್ರಿ” ಎಂದರು. ಅದನ್ನೇ ಮೊದಲು ಮರಾಠಿಯಲ್ಲಿ ಹೇಳಿ, ನನಗೆ ತಿಳಿಯಲಿಲ್ಲವೇನೋ ಎಂದು ಕನ್ನಡದಲ್ಲಿ ಮತ್ತೆ ಹೇಳಿದರು. ಎರಡು ಭಾಷೆ ಬಲ್ಲವನಿಗೆ ಇದೊಂದು ನಷ್ಟ, ಪ್ರತಿ ಬೈಗುಳವೂ ಜೋಡಿಯಾಗಿ ಬರುತ್ತದೆ.

ವಾಪಸು ಬರುವಾಗ ನಮ್ಮೂರ ಹತ್ತಿರ ಬಸ್ಸು ಗಕ್ಕನೆ ನಿಂತಿತು. ಮಾಳವ್ವನ ಕುರಿಗಳು ರಸ್ತೆ ದಾಟುತ್ತಿದ್ದವು. ಮಾಳವ್ವ ನಮ್ಮೂರಿನ ಕುರಿಗಾರತಿ. ಅವಳ ಒಂದು ಕುರಿಗೆ ಗಾಲಿ ತಾಗಿದರೂ ಓಣಿಯೆಲ್ಲ ಬಂದು ಚಾಲಕನ ಕೊರಳಪಟ್ಟಿ ಹಿಡಿಯುತ್ತದೆಂದು ಆ ದಾರಿಯ ಎಲ್ಲ ಚಾಲಕರಿಗೂ ಗೊತ್ತಿತ್ತು. ಹಿಂದೆ ಒಂದು ಲಾರಿ, ಮುಂದೆ ಒಂದು ಲಾರಿ, ಎರಡೂ ಋಷಿಗಳಂತೆ ಕಣ್ಣು ಮುಚ್ಚಿ ನಿಂತಿದ್ದವು. ನಾನು ಅಲ್ಲಿಯೇ ಇಳಿದು ಮಾಳವ್ವನ ಹಿಂದೆ ಬಿದ್ದೆ. ಸಾಲಿ ಕೂಡುವಾಗೊಮ್ಮೆ, ಬಿಡುವಾಗೊಮ್ಮೆ ಅವಳ ಹಿಂಡು ಸಾಲಿಯ ಮುಂದೆ ರಸ್ತೆ ದಾಟಬೇಕು, ಅದರ ನಡುವೆ ನನ್ನ ಮಕ್ಕಳು ದಾಟುತ್ತಾರೆ ಎಂದು ಕೇಳಿದೆ.

“ಗಂಟಿ ಹೊಡದ್ರ ಬರಾಕ ನನ್ನ ಕುರಿ ಸಾಲಿ ಕಲ್ತಾವೇನ್ರಿ ಮಾಸ್ತರ್ರ?” ಎಂದಳು.

“ನನ್ನ ಹುಡುಗರು ಕಲ್ತಾರ, ಅವರೂ ಗಂಟಿ ಹೊಡದ್ರ ಬರಂಗಿಲ್ಲ” ಎಂದೆ.

ಅವಳು ನಕ್ಕಳು. ಆದರೂ ಪುಕ್ಕಟೆ ಒಪ್ಪಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಸಾಲಿಯ ಬೇವಿನ ನೆರಳು ಕುರಿಗಳಿಗೆ ಬೇಕು ಎಂದಳು. ಕೊಟ್ಟೆ. ಅಂದಿನಿಂದ ಮಗ್ಗಿ ಹೇಳಿಸುವಾಗ ಒಳಗಿನ ದನಿಗಿಂತ ಹೊರಗಿನ ದನಿಯೇ ಜೋರಾಯಿತು, ಹೆಡ್ ಮಾಸ್ತರರು ಮೂಗು ಮುಚ್ಚಿಕೊಂಡೇ ಹಾಜರಿ ಹಾಕತೊಡಗಿದರು. ಆದರೆ ಬೆಳಿಗ್ಗೆ, ಸಂಜೆ ರಸ್ತೆ ನಿಲ್ಲುತ್ತಿತ್ತು. ಕುರಿಗಳ ನಡುವೆ ಮಕ್ಕಳು ಕೈಕೈ ಹಿಡಿದು ದಾಟುತ್ತಿದ್ದರು. ಸೈಕಲ್ಲಿನವರು ಇಳಿದು, ತಳ್ಳಿಕೊಂಡು ನಡೆಯಬೇಕೆಂದು ನನ್ನ ಕಾಯಿದೆ.

ಒಂದು ಸಂಜೆ ಕುರಿಗಳ ಆಚೆ ಸರಕಾರಿ ಜೀಪು ಬಂದು ನಿಂತಿತು. ಹಾರ್ನ್ ಹೊಡೆಯಿತು. ಕುರಿಗಳಿಗೆ ಸರಕಾರ ಎಂದರೇನು ಗೊತ್ತು? ಜೀಪಿನಿಂದ ರಸ್ತೆಯ ಸಾಹೇಬರೇ ಇಳಿದರು. ನಾನು ಹಿಂಡಿನ ನಟ್ಟನಡುವೆ ನಿಂತಿದ್ದೆ.

“ಗುರೂಜಿ, ಏನಿದು ತಮಾಷಾ? ಬಾಜೂಕ ಸರೀರಿ!”

“ಪೋರಗೋಳ್ನ ಸಂಭಾಳಸಾಕ್ಹತ್ತೀನ್ರಿ ಸಾಹೇಬ್ರ. ನೀವ ಹೇಳಿದ್ರಿ.”

“ನಿಮ್ಮ ಬದಲಿ ಮಾಡಸ್ತೀನಿ!”

“ಮಾಡಸ್ರಿ. ಬರೂ ಮಾಸ್ತರಗೂ ಈ ಕುರಿ ಒಪ್ಪಿಸೇ ಹೋಗ್ತೀನಿ. ಕಡೀ ಹುಡುಗಿ ದಾಟೂತನಕ ಈ ರಸ್ತಾ ಗಾಡಿಗೋಳ್ದಲ್ಲ, ನಮ್ದು.”

ಮಾಳವ್ವ ಅವಸರ ಮಾಡಲಿಲ್ಲ. ಕಡೆಯ ಹುಡುಗಿ ದಾಟಿದಳು, ಕಡೆಯ ಕುರಿ ದಾಟಿತು, ಜೀಪು ಹೋಯಿತು. ನಾನು ಮನೆಗೆ ಹೋಗಿ ಬದಲಿಗೆ ಸಿದ್ಧವಾಗಿ ಟ್ರಂಕಿನ ಧೂಳು ಒರೆಸಿದೆ.

ಬದಲಿ ಬರಲಿಲ್ಲ. ದೀಪಾವಳಿಯ ಸೂಟಿ ಮುಗಿಯುವಷ್ಟರಲ್ಲಿ ಕೆಲಸದವರು ಬಂದು ಸಾಲಿಯ ಎರಡೂ ಬದಿಗೆ ರಸ್ತೆಯ ಮೇಲೆ ಉಬ್ಬು ಕಟ್ಟಿ, ಬಿಳಿ ಪಟ್ಟೆ ಬಳಿದು, ಒಂದು ಫಲಕ ನೆಟ್ಟರು. ಸಾಹೇಬರ ಮನಸ್ಸು ಕರಗಿತೋ, ಕುರಿ ದಾಟಲೆಂದು ಕಾದು ಬೇಸತ್ತರೋ, ನಾನು ವಿಚಾರಿಸಲು ಹೋಗಲಿಲ್ಲ. ಫಲಕ ಬರೀ ಮರಾಠಿಯಲ್ಲಿತ್ತು. ಯಾರನ್ನೂ ಕೇಳದೆ ಸುಣ್ಣದಲ್ಲಿ ಕುಂಚ ಅದ್ದಿ ಅದರ ಕೆಳಗೆ ಬರೆದೆ: “ಮುಂದ ಸಾಲಿ ಅದ, ಸಾವಕಾಶ ಹೋಗ್ರಿ.” ಶಿವಪ್ಪ ಶಾಂತಾಳನ್ನು ತಾನೇ ತಂದು ಬಿಟ್ಟು ಹೋದ. ಅವಳ ಕೈ ಕೊಂಚ ಸೊಟ್ಟಗೆ ಕೂಡಿತ್ತು, ಅಕ್ಷರ ಮಾತ್ರ ನೆಟ್ಟಗೆ ಬರೆದಳು.

ಜೀಪಿಗೆ ಎದುರು ನಿಂತ ಕತೆಯನ್ನು ನಾನು ಊರಲ್ಲಿ ಅನೇಕ ಸಲ ಹೇಳಿದೆ. ಹೇಳಿದಂತೆಲ್ಲ ನನ್ನ ಎದೆ ಅಗಲವಾಗುತ್ತ ಹೋಯಿತು. ಒಮ್ಮೆ ಚಹಾದಂಗಡಿಯಲ್ಲಿ ಹಾಗೆ ಹೇಳುತ್ತಿದ್ದಾಗ, ಸಂತೆಗೆ ಹೊರಟಿದ್ದ ಮಾಳವ್ವ ನಿಂತು ಕೇಳಿದಳು. “ಒಂದ ಹೆಜ್ಜಿನೂ ಹಿಂದ ಸರೀಲಿಲ್ಲ ನಾನು” ಎಂದೆ, ಅವಳಿಗೂ ಕೇಳಲಿ ಎಂದು.

“ಹ್ಯಾಂಗ ಸರೀತಿದ್ರಿ ಮಾಸ್ತರ್ರ?” ಎಂದಳು ಮಾಳವ್ವ. “ನಿಮ್ಮ ಧೋತರದ ಚುಂಗು ನನ್ನ ಟಗರಿನ ಬಾಯಾಗಿತ್ತು. ಒಂದ ಹೆಜ್ಜಿ ಇಟ್ಟಿದ್ರ ಧೋತರ ಅಲ್ಲೇ ಉಳೀತಿತ್ತು.”

ಅಂಗಡಿಯೇ ಕುಣಿದು ನಕ್ಕಿತು. ನಗಲಿ. ಕಾಲು ನಿಂತದ್ದು ಟಗರಿನ ದಯೆಯಿಂದ ಎಂದೇ ಇಟ್ಟುಕೊಳ್ಳಿ. ಮಾತಾಡಿದ ಬಾಯಿ ಮಾತ್ರ ನನ್ನದೇ.