ಬಸವನ ಕಾಲಿಗೊಂದು ಸಹಿ

ಹೆತ್ತವ್ವನ ಹಸುವಿಗೆ ಗೊರಸು ಕತ್ತರಿಸಿದ್ದು ಇಷ್ಟು ದೊಡ್ಡ ಅಪರಾಧವಾದೀತು ಅಂತ ಪ್ರಭುಸ್ವಾಮಿಗೆ ಶುಕ್ರವಾರ ಸಂಜೆಯವರೆಗೂ ಗೊತ್ತಿರಲಿಲ್ಲ.

"ಹತ್ತನೇ ಕೇಸು ಯಾರದಯ್ಯಾ ಇದು? ಮಾಲೀಕರು ಬಸವಮ್ಮ, ಯಳಂದೂರು. ನಿನ್ನ ಊರೂ ಯಳಂದೂರೇ ಅಲ್ವಾ?" ಅಂದರು ಅವನ ಲಾಗ್‌ಬುಕ್ಕು ತಿರುವುತ್ತಿದ್ದ ಡಾಕ್ಟರ್ ಪದ್ಮಿನಿ.

"ಹೌದು ಮೇಡಂ. ನಮ್ಮವ್ವ."

ಮೇಡಂ ಕೆಂಪು ಪೆನ್ನು ತೆಗೆದು ಆ ಪುಟಕ್ಕೆ ಮೂಲೆಯಿಂದ ಮೂಲೆಗೆ ಒಂದು ಗೀಟು ಎಳೆದರು. "ಆರನೇ ನಿಯಮ ಓದಿದ್ದೀಯಾ? ಸ್ವಂತ ದನಕ್ಕೆ ಮಾಡಿದ್ದು ಲೆಕ್ಕಕ್ಕಿಲ್ಲ. ನಾಳೆ ಐದು ಗಂಟೆಯೊಳಗೆ ಇನ್ನೊಂದು ಕೇಸು ತಂದ್ರೆ ಸರ್ಟಿಫಿಕೇಟು. ಇಲ್ದಿದ್ರೆ ಮುಂದಿನ ಬ್ಯಾಚಿನ ಜೊತೆ ಮೊದಲಿಂದ ಶುರು. ನಾಳೆ ಪೂರ್ತಿ ಆಪರೇಷನ್ನಿದೆ, ಫೋನ್ ಗೀನ್ ಮಾಡ್ಬೇಡ."

ಪಶುವೈದ್ಯ ಕಾಲೇಜಿನ ಕೊನೇ ವರ್ಷದ ಹುಡುಗರು ಎಕ್ಸ್‌ಟರ್ನ್‌ಶಿಪ್ಪಿಗೆ ಅಂತ ಕೊಳ್ಳೇಗಾಲದ ಗೊರಸು ಚಿಕಿತ್ಸಾ ಕೇಂದ್ರಕ್ಕೆ ಬರುತ್ತಾರೆ. ಅಂದರೆ ಮೂರು ವಾರ ಪುಸ್ತಕ ಮಡಚಿಟ್ಟು, ದನದ ಕಾಲು ಹಿಡಿದು, ಕೈಯಾರೆ ಕಲಿಯುವುದು. ಹತ್ತು ಕುಂಟು ದನಕ್ಕೆ ಚಿಕಿತ್ಸೆ ಮಾಡಿ, ಲಾಗ್‌ಬುಕ್ಕಿನ ಒಂದೊಂದು ಪುಟದಲ್ಲೂ 'ಮಾಲೀಕರ ಸಹಿ' ಅನ್ನುವ ಜಾಗದಲ್ಲಿ ಸಹಿ ಹಾಕಿಸಿಕೊಂಡು ಬರಬೇಕು. ಮುಂದಿನ ಬ್ಯಾಚು ಬರುವುದು ಆರು ತಿಂಗಳ ಮೇಲೆ. ಅಷ್ಟರಲ್ಲಿ ಗೆಳೆಯರೆಲ್ಲ ಡಾಕ್ಟರಾಗಿ, ಕಾರು ತಗೊಂಡು, ಮದುವೆನೂ ಆಗಿಬಿಟ್ಟಿರುತ್ತಾರೆ. ಅದು ಹಾಳಾಗಲಿ, ಅವ್ವ ಆಗಲೇ 'ಡಾ. ಪ್ರಭುಸ್ವಾಮಿ, ಗೊರಸು ತಜ್ಞರು' ಅಂತ ಬೋರ್ಡು ಬರೆಸಿ, ರಾಗಿ ಡ್ರಮ್ಮಿನ ಹಿಂದೆ ಇಟ್ಟುಕೊಂಡು, ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದಳು.

ಪುಣ್ಯಕ್ಕೆ ಶನಿವಾರ ಬೆಳಗ್ಗೆಯೇ ಹನೂರಿನಾಚೆಯ ಶಾಗ್ಯದಿಂದ ಗೋವಿಂದಯ್ಯ ಅನ್ನೋ ರೈತ ಫೋನ್ ಮಾಡಿದ. "ಸಾ, ನಮ್ಮ ಅಸ ಕುಂಟ್ತಾ ಅದೆ. ಬಿರ್‍ರನೆ ಬನ್ನಿ."

ಪ್ರಭುಸ್ವಾಮಿ ಅರ್ಧ ಇಡ್ಲಿ ತಟ್ಟೆಯಲ್ಲೇ ಬಿಟ್ಟು ಬಸ್ಸು ಹತ್ತಿದ. ಸೀಟು ಸಿಕ್ಕರೂ ಕೂರಲಾಗಲಿಲ್ಲ. ಹನೂರಿನಲ್ಲಿ ಬಸ್ಸು ಬದಲಿಸಿ ಶಾಗ್ಯದಲ್ಲಿ ಇಳಿದಾಗ ಹತ್ತೂವರೆ. ಗೋವಿಂದಯ್ಯನ ಹಟ್ಟಿಗೆ ಓಡೋಡಿ ಹೋದರೆ ಹಸು ನೆಟ್ಟಗೆ ನಾಲ್ಕು ಕಾಲಿನ ಮೇಲೆ ನಿಂತು ಮೆಲುಕು ಹಾಕುತ್ತಿತ್ತು.

"ನೀವು ಬತ್ತೀನಿ ಅಂದ್ರಲ್ಲ ಸಾ, ಆಗ್ಲಿಂದ ನೆಟ್ಟಗೆ ನಡೀತಾ ಅದೆ. ಏನ್ ಕೈಗುಣ ಸಾ ನಿಮ್ದು, ಫೋನಲ್ಲೇ ವಾಸಿ ಮಾಡ್ಬುಟ್ರಿ!" ಅಂದ ಗೋವಿಂದಯ್ಯ.

"ಸ್ವಲ್ಪಾನೂ ಕುಂಟಲ್ವಾ? ಸರಿಯಾಗಿ ನೋಡಿ ಗೋವಿಂದಯ್ಯ. ಒಂಚೂರು?" ಪ್ರಭುಸ್ವಾಮಿ ಹಸುವನ್ನು ಹಟ್ಟಿಯ ಉದ್ದಕ್ಕೂ ಮೂರು ಸಲ ನಡೆಸಿದ. ದರಿದ್ರದ್ದು, ಸಿಪಾಯಿಯ ಹಾಗೆ ನಡೆಯಿತು. ಇನ್ನೊಬ್ಬರ ಹಸು ಕುಂಟಲಿ ಅಂತ ಬೇಡಿಕೊಳ್ಳುವ ಸ್ಥಿತಿ ಯಾವ ಡಾಕ್ಟರಿಗೂ ಬರಬಾರದು.

ಆಗಲೇ ಬೀದಿಯಲ್ಲಿ ಟಕ್, ಸೊಯ್ಯ, ಟಕ್, ಸೊಯ್ಯ ಅಂತ ಸದ್ದು ಕೇಳಿಸಿತು. ಹಾಲಿನಂಥ ಬಿಳಿ ಬಸವ, ಕೊಂಬಿಗೆ ಹಿತ್ತಾಳೆ ಕಳಸ, ಮುಂದಿನ ಬಲಗಾಲು ಎಳೆದುಕೊಂಡು ಬರುತ್ತಿತ್ತು. ಗೊರಸು ಹಳೇ ಚಪ್ಪಲಿಯ ಮೂತಿಯ ಹಾಗೆ ಮೇಲಕ್ಕೆ ಬಾಗಿ ಬೆಳೆದಿತ್ತು. ಪ್ರಭುಸ್ವಾಮಿಗೆ ಅಪ್ಸರೆಯನ್ನು ಕಂಡಷ್ಟು ಖುಷಿಯಾಯಿತು.

"ಅಬ್ಬಾ! ಎಂಥಾ ಕುಂಟು!" ಅಂದುಬಿಟ್ಟ.

"ಮಾದಪ್ಪನ ಬಸ್ವ ಸಾ ಅದು. ನಮ್ಮಪ್ಪ ಅರಕೆ ಒತ್ತು ಕರಾಗಿದ್ದಾಗ್ಲೇ ಬುಟ್ಟಿದ್ದು. ಅನ್ನೊಂದು ವರ್ಷ ಆಯ್ತು, ಊರೆಲ್ಲ ಅವುಂದೇ," ಅಂದ ಗೋವಿಂದಯ್ಯ.

ಐದು ನಿಮಿಷಕ್ಕೆ ಊರು ಸೇರಿತು. ಪ್ರಭುಸ್ವಾಮಿ ಪುಸ್ತಕದಲ್ಲಿದ್ದಂತೆ ಹಗ್ಗವನ್ನು ಕುತ್ತಿಗೆ, ಎದೆ, ಹೊಟ್ಟೆಗೆ ಸುತ್ತಿ, ಎಂಟು ಜನರನ್ನು ಹಿಡಿಸಿ "ಎಳೀರಿ" ಅಂದ. ಎಂಟು ಜನ ಎಳೆದರು. ಎಂಟು ಜನವೂ ಬಿದ್ದರು. ಬಸವ ನಿಂತೇ ಇತ್ತು. ಎರಡನೇ ಸಲ ಎಳೆದಾಗ ಡಾಕ್ಟರೂ ತಿಪ್ಪೆಗೆ ಹೋಗಿ ಕೂತ. ಮೂರನೇ ಸಲ ಎಳೆಯುವಷ್ಟರಲ್ಲಿ ಗುಂಪಿನಿಂದ ಚಿಕ್ಕನಿಂಗಮ್ಮ ಅನ್ನೋ ಮುದುಕಿ ಎದ್ದು ಬಂದಳು.

"ಥೂ, ಬುಡ್ರಲಾ. ಮಗೀಗೆ ಇಂಗಾ ಮಾಡಾದು?" ಅಂತ ಬೈದು, ಬಸವನ ಬಾಯಿಗೆ ಒಂದು ಅಚ್ಚು ಬೆಲ್ಲ ಇಟ್ಟು, ಕೊರಳಡಿ ಜೋಲುವ ಗಂಗೆದೊಗಲು ಕೆರೆದಳು. ಬಸವ ಮಂಡಿಯೂರಿ ತಾನೇ ಮಲಗಿಕೊಂಡಿತು.

ಆಮೇಲಿನ ಒಂದು ಗಂಟೆ ಪ್ರಭುಸ್ವಾಮಿ ನಿಜವಾಗಿ ಡಾಕ್ಟರಾಗಿದ್ದ. ಬೆಳೆದ ಗೊರಸನ್ನು ಇಕ್ಕಳದಲ್ಲಿ ಕತ್ತರಿಸಿದ, ಚೂರಿಯಲ್ಲಿ ಹೆರೆದು ಸಮ ಮಾಡಿದ, ಸೀಳಿನೊಳಗೆ ಮುರಿದುಕೊಂಡು ಕೂತಿದ್ದ ಬೆರಳುದ್ದದ ಜಾಲಿಮುಳ್ಳನ್ನು ಎಳೆದು ಮೇಲೆತ್ತಿ ಎಲ್ಲರಿಗೂ ತೋರಿಸಿದ. ಕೀವು ತೊಳೆದು ಔಷಧಿ ಕಟ್ಟಿದ. ಬಸವ ಎದ್ದು ನಿಂತಿತು. ಟಕ್, ಟಕ್, ಟಕ್, ಟಕ್. ಊರು ಚಪ್ಪಾಳೆ ಹೊಡೆಯಿತು. ಚಿಕ್ಕನಿಂಗಮ್ಮ ನೆಟಿಕೆ ಮುರಿದು "ನಿನ್ನ ಒಟ್ಟೆ ತಣ್ಣಗಿರ್ಲಿ ಕಣಪ್ಪ" ಅಂದಳು. ಅವನ ಕಣ್ಣು ಒದ್ದೆಯಾಯಿತು. ಗಂಟೆ ಒಂದಾಗಿತ್ತು.

ಅವನು ಲಾಗ್‌ಬುಕ್ಕು ತೆರೆದು ಪೆನ್ನು ಚಾಚಿದ. "ಇಲ್ಲಿ ಮಾಲೀಕರದ್ದು ಒಂದು ಸಹಿ."

ಅಷ್ಟೇ ನೋಡಿ. ಬಸವನನ್ನು ಹಿಡಿಯಲು ಎಂಟು ಜನ ಬಂದಿದ್ದರು, ಪೆನ್ನು ಹಿಡಿಯಲು ಒಬ್ಬನೂ ಮುಂದೆ ಬರಲಿಲ್ಲ.

"ಗೋವಿಂದಯ್ಯ, ನಿಮ್ಮಪ್ಪ ಬಿಟ್ಟಿದ್ದಲ್ವಾ? ನೀವೇ ಹಾಕಿ."

"ಸರಿಯಾಗಿ ಯೋಳಿದ್ರಿ! ಅರಕೆ ಬುಟ್ಟಿದ್ದುನ್ನ ವಾಪಸ್ ನಂದು ಅನ್ನಾದಾ? ಕಣ್ಣೋಯ್ತವೆ ಸಾ. ಪೂಜಾರಪ್ಪನ್ನ ಕೇಳಿ."

ಪೂಜಾರಿ ಶಿವರುದ್ರಸ್ವಾಮಿ ಮಾದಪ್ಪನ ಗುಡಿಯ ಜಗುಲಿಯಲ್ಲಿದ್ದರು. ದೇವರ ಕೆಲಸ ಅಂದಕೂಡಲೆ ಸಂತೋಷದಿಂದಲೇ ಪೆನ್ನು ತೆಗೆದುಕೊಂಡರು. 'ಶಿ' ಬರೆಯುವುದಕ್ಕೆ ಕೈ ಇಳಿಯಿತು.

"ಆಕಿ ಸ್ವಾಮಿ, ಆಕಿ," ಅಂದಳು ಹಿಂದೆಯೇ ಬಂದಿದ್ದ ಚಿಕ್ಕನಿಂಗಮ್ಮ. "ನೀವೇ ಮಾಲೀಕ್ರು ಅಂತ ಆಗ್ಲಿ. ಓದ್ವರ್ಷ ನಮ್ಮ ಉಳ್ಳಿ ಒಲ ಪೂರಾ ಮೇಯ್ದನಲ್ಲ ನಿಮ್ಮ ಬಸ್ವ, ಅದುಕ್ಕೊಂದು ಮಾತಾಡವ."

"ನಮ್ಮ ಒಲ್ದಲ್ಲಿ ಎಲ್ಡು ಮಡಿ ಜೋಳ," ಅಂದಿತು ಗುಂಪಿನಿಂದ ಒಂದು ದನಿ.

"ನಮ್ಮ ಅವ್ರೆ ಚಪ್ಪರ!"

"ನಮ್ಮೂರ್ ಮಾತ್ರ ಅಲ್ಲ ಕಣ್ರಿ, ಪಕ್ಕದೂರ್ನಲ್ಲೂ ಮೇಯ್ದವ್ನೆ!"

ಪೂಜಾರಿಗಳ ಕೈಯಿಂದ ಪೆನ್ನು ಜಾರಿತು. "ನಾನು ಬರೀ ಪೂಜೆ ಮಾಡೋನಪ್ಪ. ಸಹಿ ಗಿಹಿ ನನಗೆ ಬರಾಕಿಲ್ಲ," ಅಂದರು. ಅವರು ಡಬಲ್ ಡಿಗ್ರಿ ಓದಿದವರು.

ದೇವರ ಬಸವ ಮೇಯ್ದರೆ ಪುಣ್ಯ, ಅದಕ್ಕೆ ಊರಲ್ಲಿ ಯಾರೂ ಉಸಿರೆತ್ತುವ ಹಾಗಿರಲಿಲ್ಲ. ಆದರೆ ಮಾಲೀಕ ಅಂತ ಒಬ್ಬ ಮನುಷ್ಯ ಸಿಕ್ಕಿಬಿಟ್ಟರೆ? ಹನ್ನೊಂದು ವರ್ಷದ ಹೊಟ್ಟೆಯುರಿ ಎಲ್ಲ ಅವನ ಬಾಗಿಲಿಗೇ ಬರುತ್ತಿತ್ತು. ಪಂಚಾಯ್ತಿ ಮೆಂಬರು ಮನೆಯೊಳಗಿದ್ದೇ 'ಮನೇಲಿಲ್ಲ' ಅಂತ ಹೇಳಿ ಕಳಿಸಿದ. ಒಬ್ಬಾತನಂತೂ ಬೆಳಗ್ಗೆ ಬಸವನ ಬಾಲ ಹಿಡಿದಿದ್ದನ್ನೇ ಮರೆತು, "ಯಾವ ಬಸ್ವ ಸಾ?" ಅಂದ.

ಪ್ರಭುಸ್ವಾಮಿ ಬೀದಿಯ ಈ ತುದಿಯಿಂದ ಆ ತುದಿಗೆ ಓಡಾಡಿದ. ಮೇಡಮ್ಮಿಗೆ ಮೂರು ಸಲ ಫೋನ್ ಮಾಡಿದ, ಸ್ವಿಚ್ ಆಫ್. ತಾನೇ ಯಾರದೋ ಹೆಸರು ಗೀಚಿಬಿಡೋಣವೆಂದರೆ ಆಯಮ್ಮ ಸಹಿ ಹಾಕಿದವರಿಗೆಲ್ಲ ಫೋನ್ ಮಾಡಿ ವಿಚಾರಿಸುವ ಪೈಕಿ. ಎರಡಾಯಿತು, ಎರಡೂವರೆಯಾಯಿತು. ಮೂರೂಕಾಲು ಗಂಟೆಯ ಬಸ್ಸು ತಪ್ಪಿದರೆ ಐದಕ್ಕೆ ಕೊಳ್ಳೇಗಾಲ ಮುಟ್ಟುವುದಿಲ್ಲ. ಕೊನೆಗೆ ಅರಳಿಕಟ್ಟೆಯ ಮೇಲೆ ಕುಸಿದು ಕೂತು, ನಾಚಿಕೆ ಬಿಟ್ಟು ಅತ್ತೇಬಿಟ್ಟ. "ನಮ್ಮವ್ವ ಬೋರ್ಡು ಬರೆಸಿಬಿಟ್ಟವಳೆ ಕಣ್ರಪ್ಪಾ!"

ಆ ಮಾತಿಗೆ ಊರು ಕರಗಿತು. ಎಲ್ಲರೂ ಸಿದ್ದಮಲ್ಲಪ್ಪನ ಮುಖ ನೋಡಿದರು. ಈತ ಹನೂರಿನಲ್ಲಿ ಮೂವತ್ತು ವರ್ಷ ಕ್ರಯಪತ್ರ, ವಿಭಾಗಪತ್ರ ಬರೆದ ಪತ್ರಬರಹಗಾರ. ಮೂಗಿನ ತುದಿಯ ಕನ್ನಡಕದಿಂದ ಲಾಗ್‌ಬುಕ್ಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಡಾಕ್ಟ್ರೇ, ಈ ಜಾಗ ಚಿಕ್ದಾಯ್ತು. ಇಲ್ಲಿ 'ಲಗತ್ತು ನೋಡಿ' ಅಂತ ಬರೀತೀನಿ. ಮಿಕ್ಕಿದ್ದ ಒಂದು ಆಳೆ ಮೇಲೆ ಕಾನೂನುಬದ್ದವಾಗಿ ಬರ್ಕೊಡ್ತೀನಿ. ಊರೋರೆಲ್ಲ ಸೈನ್ ಆಕ್ತಾರೆ. ಆಗಬೋದಾ?"

"ಆಗಬಹುದಾ ಅಂತ ಕೇಳ್ತೀರಲ್ಲ! ನಿಮ್ಮ ಕಾಲಿಗೆ ಬೀಳ್ತೀನಿ, ಬೇಗ!"

ಸಿದ್ದಮಲ್ಲಪ್ಪ ಊರಿನವರನ್ನು ಗುಡಿಯೊಳಕ್ಕೆ ಕರೆದುಕೊಂಡು ಹೋದ. ಒಳಗೆ ಗುಸುಗುಸು. ಗಂಟೆ ಬಾರಿಸಿದ ಸದ್ದು. ಶಿವರುದ್ರಸ್ವಾಮಿ ಮುಖ ಅರಳಿಸಿಕೊಂಡು ಬಂದರು. "ಮಾದಪ್ಪನೂ ಒಪ್ಪವ್ನೆ, ಬಲಗಡೆ ಹೂವ ಬಿತ್ತು!"

ಅಲ್ಲಿಂದಾಚೆಗೆ ಏನು ಉಪಚಾರ ಅಂತೀರಿ! ಗೋವಿಂದಯ್ಯ ಎಳನೀರು ಕೆತ್ತಿದ. ಯಾರೋ ಹೂವಿನ ಹಾರ ತಂದು ಕೊರಳಿಗೆ ಹಾಕಿದರು. ಮನೇಲಿಲ್ಲದ ಮೆಂಬರೂ ಮನೆಯಿಂದಲೇ ಎದ್ದು ಬಂದ. ಸಹಿ ಬಾರದ ಪೂಜಾರಿಗಳು ದುಂಡಗೆ ಸಹಿ ಹಾಕಿದರು. ಚಿಕ್ಕನಿಂಗಮ್ಮ ಹೆಬ್ಬೆಟ್ಟು ಒತ್ತಿ, ಸಾಲದು ಅಂತ ಇನ್ನೊಂದು ಒತ್ತಿದಳು. ನಲವತ್ತು ಸಹಿ! ಒಂದಕ್ಕೆ ಅಂಗಲಾಚಿದವನಿಗೆ ನಲವತ್ತು! ಜನ ಎಂದರೆ ಇವರಪ್ಪ ಅಂದುಕೊಂಡ ಪ್ರಭುಸ್ವಾಮಿ.

ಅಷ್ಟರಲ್ಲಿ ಬಸ್ಸು ಬಂದು ಹಾರನ್ ಹೊಡೆಯಿತು.

"ತಳಗಡೆ ನಿಮ್ದೊಂದು ಡಾಕ್ಟ್ರೇ," ಅಂದ ಸಿದ್ದಮಲ್ಲಪ್ಪ, ಹಾಳೆಯ ಬುಡದಲ್ಲಿ ಬೆರಳಿಟ್ಟು. ಪ್ರಭುಸ್ವಾಮಿ ಗೀಚಿದ. ಸಿದ್ದಮಲ್ಲಪ್ಪ ಹಾಳೆಯನ್ನು ನಾಲ್ಕು ಮಡಿಕೆ ಮಡಿಸಿ ಲಾಗ್‌ಬುಕ್ಕಿಗೆ ಗುಂಡುಪಿನ್ನು ಚುಚ್ಚಿಕೊಟ್ಟ. ಬಸ್ಸಿನ ಕಿಟಕಿಯಿಂದ ನೋಡಿದರೆ ಊರಿಗೆ ಊರೇ ಕೈಯಾಡಿಸುತ್ತಿತ್ತು. ಬಸ್ಸು ಗುಂಡಿಗೆ ಬಿದ್ದು ಹಾರಿದಾಗಲೆಲ್ಲ ಅವನು ಪುಸ್ತಕವನ್ನು ಎದೆಗೆ ಅವುಚಿಕೊಂಡ. ಹನೂರು ದಾಟಿದ ಮೇಲೆ ಅವ್ವನಿಗೆ ಫೋನ್ ಮಾಡಿ, "ಬೋರ್ಡು ಒರೆಸಿಡವ್ವ, ನಾಳೆ ಮೊಳೆ ಹೊಡೆಯೋದೇ," ಅಂದ.

ಐದಕ್ಕೆ ಹತ್ತು ನಿಮಿಷ ಇರುವಾಗ ಹಾರದ ಸಮೇತ ಮೇಡಂ ಎದುರು ನಿಂತ.

ಚಿಕಿತ್ಸೆಗೆ ಮುಂಚೆ, ಆಮೇಲೆ ಅಂತ ಅವನು ಫೋನಿನಲ್ಲಿ ತೆಗೆದುಕೊಂಡಿದ್ದ ಫೋಟೋಗಳನ್ನು ಮೇಡಂ ನೋಡಿದರು. "ಭೇಷ್! ಒಳ್ಳೇ ಕೆಲಸ ಮಾಡಿದ್ದೀಯ. ಯಾರದು ಈ ಎತ್ತು?"

"ದೇವರ ಬಸವ ಮೇಡಂ. ಸಹಿಗೆ ಪಟ್ಟ ಪಾಡು ಕೇಳಬೇಡಿ."

"ಅಯ್ಯೋ ಪೆದ್ದೇ, ಮಾಲೀಕರಿಲ್ಲದ ಪ್ರಾಣಿಯಾದ್ರೆ ಆ ಜಾಗಕ್ಕೊಂದು ಅಡ್ಡಗೆರೆ ಎಳೆದು ಬಂದಿದ್ರೆ ಆಗಿತ್ತು. ಏಳನೇ ನಿಯಮ. ನೀನು ಒಂದನ್ನೂ ಓದಲ್ಲ," ಅಂತ ನಗುತ್ತಾ ಮೇಡಂ ಗುಂಡುಪಿನ್ನು ತೆಗೆದು ಹಾಳೆ ಬಿಡಿಸಿದರು. ಓದುತ್ತಾ ಓದುತ್ತಾ ನಗು ನಿಂತಿತು. ಆಮೇಲೆ ಗಟ್ಟಿಯಾಗಿ ಓದಿದರು:

"ಮಾದಪ್ಪನವರ ಪಾದಸಾಕ್ಷಿಯಾಗಿ ಶಾಗ್ಯದ ಗ್ರಾಮಸ್ಥರಾದ ನಾವುಗಳು ಬರೆಸಿಕೊಟ್ಟ ಪತ್ರದ ಕ್ರಮವೇನೆಂದರೆ, ಸದರಿ ಬಿಳೀ ಬಸವನನ್ನು ಈ ದಿವಸ ಬೆಳಗಿನಿಂದ ಜಾರಿಗೆ ಬರುವಂತೆ ಪ್ರಭುಸ್ವಾಮಿ ಡಾಕ್ಟರಿಗೆ ಬಿಟ್ಟುಕೊಟ್ಟಿರುತ್ತೇವೆ. ಅದು ಹಿಂದೆ ಮೇಯ್ದ, ಹಾಲಿ ಮೇಯುತ್ತಿರುವ, ಮುಂದೆ ಮೇಯಬಹುದಾದ ಸಮಸ್ತ ಪೈರುಗಳಿಗೂ ಸದರಿಯವರೇ ಬಾಧ್ಯಸ್ಥರು. ಸಾಕ್ಷಿಗಳು ನಲವತ್ತು. ಯಾರ ಬಲವಂತವೂ ಇಲ್ಲದೆ, ಓದಿಸಿ ಕೇಳಿ, ಸ್ವಸಂತೋಷದಿಂದ ಒಪ್ಪಿ ಹಾಕಿದ ಮಾಲೀಕರ ಸಹಿ: ಪ್ರಭುಸ್ವಾಮಿ."

ಮೇಡಂ ಹಾಳೆಯ ಬುಡವನ್ನು ಅವನ ಕಡೆಗೆ ತಿರುಗಿಸಿದರು.

"ಇದು ನಿನ್ನ ಸಹಿಯೇ ತಾನೇ?"

"ನಂದೇ ಮೇಡಂ, ಆದ್ರೆ..."

ಪದ್ಮಿನಿ ಮೇಡಂ ಕೆಂಪು ಪೆನ್ನಿನ ಮುಚ್ಚಳ ತೆಗೆದರು. "ಬೆಳಗಿನಿಂದಲೇ ನಿನ್ನದು. ಸ್ವಂತ ದನಕ್ಕೆ ಮಾಡಿದ್ದು ಲೆಕ್ಕಕ್ಕಿಲ್ಲ. ಆರನೇ ನಿಯಮ." ಮೂಲೆಯಿಂದ ಮೂಲೆಗೆ ಒಂದು ಗೀಟು ಬಿತ್ತು.

ಪ್ರಭುಸ್ವಾಮಿಯ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಗೋವಿಂದಯ್ಯ.

"ಸಾ, ನಿಮ್ಮ ಬಸ್ವ ನಮ್ಮ ಜೋಳದ ಒಲ್ದಲ್ಲಿ ಅವ್ನೆ. ಕುಂಟ್ತಿದ್ದಾಗ ಒಂದು ಮಡಿ ಮೇಯೋದ್ರೊಳ್ಗೆ ಇಡ್ಕೋತಿದ್ವಿ. ಈಗ ಓಡ್ತಾನೆ ಸಾ, ಯಾರ ಕೈಗೂ ಸಿಕ್ತಿಲ್ಲ. ಏನ್ ಕೈಗುಣ ಸಾ ನಿಮ್ದು! ಬಿರ್‍ರನೆ ಬಂದು ಒಡ್ಕಂಡೋಗಿ."