ನಮ್ಮ ಭಾವನ ಬಾಯಲ್ಲಿರುವ ಕೀಗಳು

ನಮ್ಮ ಭಾವ ಮಾತಾಡುವ ಹೊತ್ತಿಗಿಂತ ಬಾಯಲ್ಲಿ ಕೀ ಕಚ್ಚಿಕೊಂಡಿರುವ ಹೊತ್ತೇ ಹೆಚ್ಚು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನು! ಆದರೆ ಇದು ಕಣ್ಣಾರೆ ಕಂಡ ಸತ್ಯ. ಲೋಕದಲ್ಲಿ ಕೆಲವರು ಎಲೆ ಅಡಿಕೆ ಜಗಿಯುತ್ತಾರೆ, ಕೆಲವರು ಬೀಡಿ ಕಚ್ಚುತ್ತಾರೆ. ನಮ್ಮ ಭಾವ ಕೀ ಕಚ್ಚುತ್ತಾರೆ. ಅದೂ ಒಂದಲ್ಲ, ಸಿಕ್ಕಷ್ಟೂ. ಕೆಲವು ದಿನ ಅವರ ಎರಡು ಕೆನ್ನೆಗಳೂ ಗೌರಿ ಹಬ್ಬದ ಕಡುಬಿನ ಹಾಗೆ ಉಬ್ಬಿಕೊಂಡಿರುತ್ತವೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೆಕ್ಯಾನಿಕ್. ಸ್ಕೂಟರ್, ಕಾರು ಅಂಥ ಸಣ್ಣಪುಟ್ಟವನ್ನು ಮುಟ್ಟುವವರಲ್ಲ. ಮಣ್ಣು ತೋಡುವ, ಬಂಡೆ ಎತ್ತುವ ಚೈನ್ ಮಷಿನ್ ಮಾತ್ರ. ಹಾರೋಹಳ್ಳಿಯಲ್ಲಿ ನನ್ನದೊಂದು ಪೈಪ್ ಅಂಗಡಿ ಇದೆ. ಮಷಿನ್‌ಗಳ ಎಣ್ಣೆ ಪೈಪು ಒಡೆದರೆ ಹೊಸದನ್ನು ಕತ್ತರಿಸಿ, ತುದಿಗೆ ಕಬ್ಬಿಣ ಒತ್ತಿ ಕೊಡುವುದು ನನ್ನ ಕಸುಬು. ಹಾಗಾಗಿ ಮಾಗಡಿಯ ಕೆರೆಯಂಗಳದಿಂದ ಕನಕಪುರದ ಕ್ವಾರಿಯವರೆಗೆ ಭಾವ ಎಲ್ಲಿ ಹೋದರೂ ಪೈಪು ಹೊತ್ತುಕೊಂಡು ಹಿಂದೆ ಹೋಗುವ ಭಾಗ್ಯ ನನ್ನದು.

ಚೈನ್ ಮಷಿನ್ನಿಗೆ ಚಕ್ರವಿಲ್ಲ. ಎಡಕ್ಕೊಂದು, ಬಲಕ್ಕೊಂದು ಕಬ್ಬಿಣದ ಚೈನು; ಒಂದೊಂದನ್ನೂ ಎಳೆಯಲು ಎಣ್ಣೆಯ ಒತ್ತಡದಿಂದ ತಿರುಗುವ ಒಂದೊಂದು ಮೋಟರು. ಎರಡೂ ಸಮನಾಗಿ ಎಳೆದರೆ ನೆಟ್ಟಗೆ ಹೋಗುತ್ತದೆ. ಒಂದು ಸೋತರೆ, ಜೋಡಿಯಲ್ಲಿ ಒಂದು ಎತ್ತು ಮಲಗಿದ ಹಾಗೆ, ಇದ್ದಲ್ಲೇ ಗಿರಕಿ ಹೊಡೆಯುತ್ತದೆ. ಅದು ಯಾಕೆ ಸೋತಿತು ಎಂದು ನೋಡಲು ಒಬ್ಬ ಮನುಷ್ಯ ಎರಡು ಚೈನುಗಳ ನಡುವೆ, ಮಷಿನ್ ಹೊಟ್ಟೆಯ ಅಡಿಗೆ, ಮಲಗಿಕೊಂಡು ತೆವಳಬೇಕು. ಆ ಹೊತ್ತಿನಲ್ಲಿ ಮೇಲೆ ಯಾರಾದರೂ ಸ್ಟಾರ್ಟ್ ಮಾಡಿ ಒಂದಿಷ್ಟು ಸರಿಸಿದರೂ ಸಾಕು, ಆಮೇಲೆ ಆಸ್ಪತ್ರೆಗೆ ಓಡುವ ಗಡಿಬಿಡಿಯೇ ಇರುವುದಿಲ್ಲ.

ಅದಕ್ಕೇ ಕೀ. ಅಡಿಗೆ ಹೋಗುವ ಮೊದಲು ಭಾವ ಮಷಿನ್ನಿನ ಕೀ ಕಿತ್ತು ಬಾಯಲ್ಲಿಟ್ಟುಕೊಳ್ಳುತ್ತಾರೆ. ಅಷ್ಟಕ್ಕೇ ಬಿಟ್ಟಿದ್ದರೆ ಊರವರು ಜಾಣ ಮೆಕ್ಯಾನಿಕ್ ಎನ್ನುತ್ತಿದ್ದರು. ಆದರೆ ಈ ಮಷಿನ್‌ಗಳದ್ದೊಂದು ವಿಚಿತ್ರವಿದೆ. ಒಂದು ಕಂಪನಿಯ ಮಷಿನ್‌ಗಳಿಗೆಲ್ಲ ಒಂದೇ ಕೀ! ಈ ಮಷಿನ್ನಿನದು ಆ ಮಷಿನ್ನಿಗೂ ಆಗುತ್ತದೆ. ಹಾಗಾಗಿ ಭಾವ ಆ ಜಾಗದಲ್ಲಿರುವ ಎಲ್ಲ ಆಪರೇಟರ್‌ಗಳ ಕೀಗಳನ್ನೂ ವಸೂಲಿ ಮಾಡುತ್ತಾರೆ. ಬಂಡೆ ಎತ್ತುತ್ತಿದ್ದ ಮಷಿನ್‌ಗಳೆಲ್ಲ ನಿಂತುಬಿಡುತ್ತವೆ. ಅಲ್ಲಿಂದ ಶುರು ಜಗಳ.

"ಅಣ್ಣೋ, ನನ್ ಗಾಡಿ ಆ ತುದೀಲೈತೆ. ಅದುಕ್ಕೂ ಇದುಕ್ಕೂ ಏನ್ ಸಂಬಂದ?"

"ಕೀ ಕೊಡ್ಲಾ."

"ಲೋಡ್ ಲಾರಿ ಕಾಯ್ತಾ ಐತೆ ಅಣ್ಣ!"

"ಕಾಯ್ಲಿ. ಲಾರಿ ಸಾಯಲ್ಲ ಕಣ್ಲಾ. ಕೊಡು."

ಕೆಲಸ ಮುಗಿದ ಮೇಲೆ ಒಂದೊಂದೇ ಕೀ ಉಗುಳಿ, ಪ್ಯಾಂಟಿಗೆ ಒರೆಸಿ, ಪ್ರಸಾದ ಹಂಚಿದಂತೆ ವಾಪಸು ಕೊಡುತ್ತಾರೆ. ಆಪರೇಟರ್‌ಗಳು ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೋಗಿ ಡೀಸೆಲ್ಲಿನಲ್ಲಿ ತೊಳೆಯುತ್ತಾರೆ. ಡೀಸೆಲ್ಲಿನಲ್ಲಿ! ಭಾವನ ಎಂಜಲಿನ ಮಹಿಮೆ ಅಷ್ಟಿದೆ.

ಹಾಗಂತ ಅವರು ಭಾರೀ ಪಂಡಿತರು ಎಂದುಕೊಳ್ಳಬೇಡಿ. ಮಾಗಡಿ ಕಡೆ ಒಂದು ಕೆರೆಯ ಹೂಳೆತ್ತುತ್ತಿದ್ದ ಮಷಿನ್ ಒಂದೇ ಸಮನೆ ಎಡಕ್ಕೆ ಎಳೆಯುತ್ತಿತ್ತು. ಭಾವ ತಮ್ಮ ಮಾಮೂಲಿ ಪರೀಕ್ಷೆ ಮಾಡಿದರು. ಎಡ ಮೋಟರಿನ ಪೈಪು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ಓಡಿಸಿ ನೋಡುವುದು. ದೋಷ ಎಡಗಡೆಯೇ ಉಳಿದರೆ ಎಡ ಮೋಟರು ಕೆಟ್ಟಿದೆ ಎಂದರ್ಥ. ದೋಷ ಬಲಕ್ಕೆ ಹಾರಿದರೆ ಮೋಟರು ನಿರಪರಾಧಿ, ರೋಗ ಎಣ್ಣೆ ಕಳಿಸುವ ಕಡೆ, ಮೇಲೆಲ್ಲೋ ಇದೆ. ದೋಷ ಹಾರಿತು. "ಮೇಲೈತೆ" ಎಂದು ತೀರ್ಪು ಕೊಟ್ಟ ಭಾವ, ಬಿಸಿಲಲ್ಲಿ ವಾಲ್ವ್ ಬಿಚ್ಚಿದರು, ತೊಳೆದರು, ಕಟ್ಟಿದರು. ಮತ್ತೆ ಅದೇ ಗಿರಕಿ. ಪಂಪಿಗೆ ಕೈ ಹಾಕುವ ಹೊತ್ತಿಗೆ ಆಪರೇಟರ್ ಊಟಕ್ಕೆಂದು ಕ್ಯಾಬಿನ್ನಿನೊಳಗಿಂದ ಟಿಫನ್ ಕ್ಯಾರಿಯರ್ ತೆಗೆದ. ಎಲ್ಲಿಂದ? ಎಡ ಪೆಡಲಿನ ಕೆಳಗಿನಿಂದ!

"ಬಿಸ್ಲಿಗೆ ಹಳಸೋಯ್ತದೆ ಅಂತ ಬೆಳಗ್ಗಿಂದ ಅಲ್ಲೇ ಮಡಗಿದ್ದೆ ಕಣಣ್ಣ" ಎಂದ.

ಎಡ ಚೈನು ಓಡಿಸುವ ಆ ಪೆಡಲ್ ಅರ್ಧಕ್ಕಿಂತ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಭಾವ ಕೀಗಳನ್ನು ಉಗುಳಿ, ಕ್ಯಾರಿಯರ್ ಇಸಿದುಕೊಂಡು, ಮುಚ್ಚಳ ತೆಗೆದು, ಅವನ ಮುದ್ದೆಯನ್ನು ತಾವೇ ಉಣ್ಣತೊಡಗಿದರು. ನಾನು ನಗು ತಡೆಯಲಾರದೆ ಕೆರೆ ಏರಿ ಕಡೆ ತಿರುಗಿದೆ.

"ಯಾಕ್ಲಾ ಕಿಸೀತೀಯ? ದೋಸ ಮೇಲೈತೆ ಅಂದಿದ್ನೋ ಇಲ್ವೋ? ಮೇಲೇ ಇತ್ತಲ್ಲ!"

ಇನ್ನು ಚನ್ನಪಟ್ಟಣದ ಛತ್ರದಲ್ಲಿ ನಮ್ಮ ದೊಡ್ಡಪ್ಪನ ಮೊಮ್ಮಗಳ ಮದುವೆ. ಕರೆಂಟು ಹೋಯಿತು, ಜನರೇಟರ್ ಕೆಮ್ಮುತ್ತಿತ್ತು. ಅದರ ಹುಡುಗ ಬೆಲ್ಟಿನ ಹತ್ತಿರ ಕೈ ತೂರಿಸಿ ಏನೋ ಸರಿಮಾಡುತ್ತಿದ್ದ. ಕೈ ತೊಳೆಯಲು ಅತ್ತ ಹೋದ ಭಾವನ ಕಣ್ಣಿಗೆ ಅದು ಬಿತ್ತು. ಹೋದರು, ಕೀ ತಿರುವಿ ಆರಿಸಿದರು, ಕಿತ್ತರು, ಬಾಯಿಗೆ ಹಾಕಿಕೊಂಡರು. ಸರಿಯಾಗಿ ಮುಹೂರ್ತದ ಗಳಿಗೆ! ವಾಲಗದವರು ಕತ್ತಲಲ್ಲೇ ಊದಿದರು. ಗಂಡು ತಾಳಿ ಹಿಡಿದುಕೊಂಡು ಕತ್ತು ಹುಡುಕಿದ. ಫೋಟೋದವನು ಕೂಗಾಡಿದ. ಗಂಡಿನ ಕಡೆಯ ಯಜಮಾನರೊಬ್ಬರು ಬಂದು, "ಏನ್ರೀ ಇದು? ಹೆಣ್ಣಿನ್ ಕಡೇವ್ರು ಅಂತ ಸುಮ್ನಿದೀನಿ" ಎಂದು ಗುಡುಗಿದರೆ ಭಾವನಿಂದ ಉತ್ತರವೇ ಇಲ್ಲ. ಇರುವುದು ಹೇಗೆ, ಬಾಯಲ್ಲಿ ಕೀ! ಹುಡುಗ ಕೈ ಹೊರಗೆಳೆದುಕೊಂಡು, ಬೆರಳೆಲ್ಲ ಬಿಚ್ಚಿ ತೋರಿಸಿದ ಮೇಲೆಯೇ ಕೊಟ್ಟದ್ದು. ಅಕ್ಕ ಅವಮಾನದಿಂದ ಊಟಕ್ಕೂ ಕೂರಲಿಲ್ಲ.

"ಮನೇಲೂ ಅಷ್ಟೇ ಕಣೋ" ಎಂದು ಅಕ್ಕ ನನ್ನ ಹತ್ತಿರ ಅಂದಿದ್ದಾಳೆ. "ನಾನೇನಾರಾ ಒಸಿ ಜೋರಾಗಿ ಕೇಳುದ್ರೆ, ಬೀರು ಕೀ ತಗಂಡು ಬಾಯ್ಗೆ ಹಾಕ್ಕಂಬುಡ್ತಾರೆ. ಯಾರ ಜೊತೆ ಜಗಳಾಡ್ಲಿ? ಬೀರು ಜೊತೇಲಾ?"

ನಗುತ್ತಲೇ ಅಂದಳು. ಆದರೆ ಭಾವ ಕೆಲಸಕ್ಕೆ ಹೋದ ದಿನ ಅವರ ಗಾಡಿಯ ಸದ್ದು ಬೀದಿ ತುದಿಯಲ್ಲಿ ಕೇಳುವವರೆಗೆ ಅವಳು ಬಾಗಿಲು ಬಿಟ್ಟು ಕದಲುವುದಿಲ್ಲ. ಯಾಕೆಂದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ.

ಭಾವನಿಗೆ ಒಬ್ಬ ತಮ್ಮನಿದ್ದ. ಕೆಲಸವನ್ನು ಭಾವನೇ ಕಲಿಸಿದ್ದು. ರಾಮನಗರದ ಹತ್ತಿರದ ಒಂದು ಕ್ವಾರಿಯಲ್ಲಿ ಒಂದು ಮಷಿನ್ನಿನ ಬಲ ಚೈನು ಎಳೆಯುತ್ತಿರಲಿಲ್ಲ. ತಮ್ಮ ಅಡಿಗೆ ಹೋಗಿದ್ದ. ಭಾವ ಕೀ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು, ಸ್ಪ್ಯಾನರ್ ತರಲು ತಾವು ಬಂದಿದ್ದ ಗಾಡಿಯ ಹತ್ತಿರ ಹೋಗಿದ್ದರು. ಆಗ ಪಕ್ಕದ ಮಷಿನ್ನಿನ ಆಪರೇಟರ್ ಬಂದ. ಒಳ್ಳೆಯವನೇ. ಅಡಿಯಲ್ಲಿದ್ದವನು ಇಕ್ಕಟ್ಟಿನಲ್ಲಿ ಒದ್ದಾಡುತ್ತಿದ್ದುದನ್ನು ಕಂಡ. ಮಷಿನ್ ಒಂದಿಷ್ಟು ಮುಂದಕ್ಕೆ ತೆಗೆದುಕೊಟ್ಟರೆ ಅವನಿಗೆ ಜಾಗವಾಗುತ್ತದೆ ಅಂದುಕೊಂಡ. ಹತ್ತಿ ಕೂತು ತನ್ನ ಕೀ ಹಾಕಿದ. ಸರಿಯಿದ್ದ ಎಡ ಚೈನು ಮಾತ್ರ ಎಳೆಯಿತು, ಮಷಿನ್ ತಿರುಗಿತು.

ಭಾವ ಓಡಿ ಬಂದಾಗ ಅವರು ಕಿತ್ತಿದ್ದ ಕೀ ಇನ್ನೂ ಅವರ ಜೇಬಿನಲ್ಲೇ ಇತ್ತಂತೆ. ಇದೊಂದನ್ನು ಅವರು ನನಗೆ ಒಮ್ಮೆ ಮಾತ್ರ ಹೇಳಿದ್ದಾರೆ. "ಜೇಬಲ್ಲೇ ಇತ್ತು ಕಣ್ಲಾ. ಮುಟ್ಟಿ ನೋಡ್ಕಂಡೆ. ಇತ್ತು." ಆ ಆಪರೇಟರನ ಬಗ್ಗೆ ಕೇಳಿದರೆ, "ಪಾಪ, ಅವನೂ ಆಮ್ಯಾಕೆ ಗಾಡಿ ಹತ್ನಿಲ್ಲ" ಎಂದರು.

ಈಗ ಹೇಳಿ, ಕೀ ಬಾಯಲ್ಲಿಟ್ಟುಕೊಳ್ಳುವುದು ಹುಚ್ಚೋ? ಕ್ವಾರಿ ಮಾಲೀಕರ ಪ್ರಕಾರ ಹುಚ್ಚೇ. ಒಂದು ಮಷಿನ್ ರಿಪೇರಿಗೆ ಎಲ್ಲ ಮಷಿನ್ ನಿಲ್ಲಿಸುವ ಮೆಕ್ಯಾನಿಕ್ ಯಾರಿಗೆ ಬೇಕು? ಲ್ಯಾಪ್‌ಟಾಪ್ ಹಿಡಿದುಕೊಂಡು ಬರುವ ಕಂಪನಿಯ ಮೆಕ್ಯಾನಿಕ್‌ಗಳು ಕೀ ಗೀ ಏನೂ ಕೇಳುವುದಿಲ್ಲ. ಬೇರೆ ಯಾರೂ ಸಿಗದಿದ್ದಾಗ ಮಾತ್ರ ಭಾವನಿಗೆ ಫೋನು ಬರುತ್ತದೆ.

ಮೊನ್ನೆ ಕನಕಪುರದ ಕಡೆಯಿಂದ ಅಂಥದ್ದೊಂದು ಫೋನು ಬಂತು. ಮಷಿನ್ ಬಂಡೆಯ ಬುಡದಲ್ಲೇ ನಿಂತುಬಿಟ್ಟಿದೆ. ಸಂಜೆ ಅಲ್ಲಿ ಬಂಡೆ ಸಿಡಿಸಬೇಕು, ಅಷ್ಟರೊಳಗೆ ತೆಗೆಯಬೇಕು. ನಾವು ಹೋಗಿ ನೋಡಿದರೆ ಹೊಟ್ಟೆಯ ಅಡಿಯಿಂದ ಎಡ ಮೋಟರಿಗೆ ಹೋಗುವ ಪೈಪು ಒಡೆದು ಎಣ್ಣೆಯೆಲ್ಲ ನೆಲದ ಪಾಲಾಗಿತ್ತು. ದೋಷ ಹುಡುಕುವ ಕಷ್ಟವೇ ಇರಲಿಲ್ಲ. ಕಷ್ಟ ಬೇರೆಯದಿತ್ತು. ಭಾವನ ಸೊಂಟ ಈಚೆಗೆ ಹಿಡಿದುಕೊಂಡಿದೆ. ಬಗ್ಗಿದರು, ಮಂಡಿಯೂರಿದರು, ಮಲಗಲಾಗಲಿಲ್ಲ. ಮತ್ತೊಮ್ಮೆ ನೋಡಿದರು, ಆಗಲಿಲ್ಲ.

"ಬುಡಿ ಬಾವ, ನಾನ್ ಹೋಯ್ತೀನಿ" ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಎದ್ದು ಕೀ ವಸೂಲಿಗೆ ಹೊರಟರು. ಎಲ್ಲರೂ ಗೊಣಗುತ್ತ ಕೊಟ್ಟರು. ಒಬ್ಬ ಮಾತ್ರ, "ನಂತಾವ ಇಲ್ಲ ಅಣ್ಣ, ಕಳ್ದೋಗೈತೆ" ಎಂದ.

"ಹಂಗಾರೆ ಬೆಳಗ್ಗಿಂದ ಗಾಡಿ ಎಂಗ್ಲಾ ಓಡುಸ್ದೆ?"

ಅವನು ತಲೆ ಕೆರೆದುಕೊಂಡ. ಮ್ಯಾನೇಜರ್ ಓಡಿ ಬಂದರು. "ಏನಯ್ಯಾ ನಿಂದು ಪುರಾಣ? ಮದ್ದು ತುಂಬೋರು ಕಾಯ್ತಾವ್ರೆ. ಒಂದು ಕೀ ಇಲ್ದಿದ್ರೆ ಏನ್ ಆಕಾಸ ಬಿದ್ದೋಯ್ತದಾ?"

ಭಾವ ಬಾಯೊಳಗಿನ ಕೀಗಳನ್ನು ಅಂಗೈಗೆ ಉಗುಳಿ ಅಂದರು: "ಇವನು ನಮ್ಮ ಮನೆಯವಳ ತಮ್ಮ ಸಾರ್. ಒಬ್ನೇ ತಮ್ಮ. ಕೀ ಬರಗಂಟ ಇವನು ಅಡಿಗೆ ಹೋಗಲ್ಲ. ಬೇಕಾರೆ ನಿಮ್ ಮಷಿನ್ ಮ್ಯಾಲೆ ಬಂಡೆ ಬೀಳ್ಲಿ."

ಮ್ಯಾನೇಜರ್ ಬಾಯಿಗೆ ಬಂದಂತೆ ಬೈದರು. ಭಾವ ಕದಲಲಿಲ್ಲ. ಕೊನೆಗೆ ಆ ಆಪರೇಟರ್ ಲುಂಗಿ ಸರಿಸಿ, ಉಡಿದಾರಕ್ಕೆ ಕಟ್ಟಿಕೊಂಡಿದ್ದ ಕೀ ಬಿಚ್ಚಿ ಕೊಟ್ಟ. ಎಂಜಲು ಮಾಡುತ್ತಾರೆಂಬ ಅಸಹ್ಯಕ್ಕೆ ಬಚ್ಚಿಟ್ಟಿದ್ದನಂತೆ. ಅದು ಎಲ್ಲಿಂದ ಬಂತೆಂದು ಕಂಡೂ ಭಾವ ಅದನ್ನು ಬಾಯಿಗೆ ಹಾಕಿಕೊಂಡರು. ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ.

ನಗುತ್ತಲೇ ಅಡಿಗೆ ತೆವಳಿದೆ. ಒಳಗೆ ನಗು ಉಳಿಯಲಿಲ್ಲ. ಮೂಗಿನ ಮೇಲೆ ಕಬ್ಬಿಣದ ಹೊಟ್ಟೆ, ಎರಡೂ ಕಡೆ ಚೈನು, ಬೆನ್ನಡಿ ಎಣ್ಣೆ ಕೆಸರು. ಪೈಪಿನ ನಟ್ಟು ಕೈಗೆ ಸಿಕ್ಕಿತು. ಅಷ್ಟರಲ್ಲಿ ಯಾರೋ ನನ್ನ ಕಾಲ ಹರಡನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಬಾವ, ಕಾಲು ಬುಡಿ. ಇನ್ನೊಸಿ ಒಳೀಕೆ ಹೋಗ್ಬೇಕು."

ಬಿಡಲಿಲ್ಲ. ನಾನು ಸರಿದಷ್ಟೂ ಆ ಕೈ ನನ್ನ ಜೊತೆ ಸರಿಯಿತು. ಬಗ್ಗಲಾಗದ ಸೊಂಟದ ಮನುಷ್ಯ ಅದು ಹೇಗೆ ಕಲ್ಲುಪುಡಿಯ ಮೇಲೆ ಮಲಗಿ ಅಷ್ಟು ದೂರ ಕೈ ಚಾಚಿದರೋ! ಮಾತಾಡಲು ಬಾಯಲ್ಲಿ ಜಾಗವಿಲ್ಲ. ಉಸಿರು ಮಾತ್ರ ಜೋರಾಗಿ ಕೇಳುತ್ತಿತ್ತು. ದೊಡ್ಡವರು ಕಾಲು ಮುಟ್ಟಿದರೆ ಚಿಕ್ಕವರ ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಾರೆ ನಮ್ಮ ಕಡೆ. ಆದರೆ ಆಗಲಿ ಎಂದುಕೊಂಡೆ. ಹಾಗೇ ಹಳೆಯ ಪೈಪು ಬಿಚ್ಚಿ ಹೊಸದನ್ನು ಕಟ್ಟಿದೆ.

ಹೊರಗೆ ಬಂದಾಗ ಭಾವ ಇನ್ನೂ ನೆಲದ ಮೇಲೇ ಇದ್ದರು, ಕೈ ನನ್ನ ಕಾಲಿನ ಮೇಲೇ ಇತ್ತು. ಮುಖವೆಲ್ಲ ಕಲ್ಲುಪುಡಿ, ಅದರಲ್ಲಿ ಕಣ್ಣೀರು ಇಳಿದ ಎರಡು ಗೆರೆ. ಕೀಗಳನ್ನು ಉಗುಳಿದರು.

"ಅವತ್ತು ಕೀ ಇಡ್ಕಂಡಿದ್ದೆ ಕಣಪ್ಪ" ಎಂದರು. "ನನ್ ತಮ್ಮನ್ನ ಇಡ್ಕಂಡಿರ್ನಿಲ್ಲ."

ನಾನು ಅವರ ಕಂಕುಳಿಗೆ ಕೈ ಕೊಟ್ಟು ಮೆಲ್ಲಗೆ ಎಬ್ಬಿಸಿದೆ. ಮ್ಯಾನೇಜರ್ ಇನ್ನೂ ಕೂಗುತ್ತಲೇ ಇದ್ದರು. ಅಕ್ಕ ಕಾಯುತ್ತಿರುತ್ತಾಳೆ, ಮನೆಗೆ ಹೋಗೋಣ ಎಂದೆ.