ನೋವಿಲ್ಲದ ಸಾರಿ

ನಮ್ಮ ಸಾರಿ ಸಾಹೇಬರ ಸಂಸಾರ ಆ ದಿನ ಮುರಿದು ಬೀಳುವ ಹಂತಕ್ಕೆ ಬಂದದ್ದು ಒಂದು ಕನ್ನಡಕದಿಂದ. ಕನ್ನಡಕ ಮಾವನದು. ಕುರ್ಚಿಯ ಮೇಲಿತ್ತು. ಸಾಹೇಬರು ನೋಡದೆ ಕೂತರು. ಕೆಳಗಿನಿಂದ ಕರಕ್ ಎಂದಿತು.

ಕೂತದ್ದು ಅಂಥ ದೊಡ್ಡ ತಪ್ಪಲ್ಲ. ಕುರ್ಚಿಯ ಮೇಲೆ ಕನ್ನಡಕ ಇಡುವವರೂ ಇರುತ್ತಾರೆ, ನೋಡದೆ ಕೂರುವವರೂ ಇರುತ್ತಾರೆ, ಲೋಕ ನಡೆಯುವುದೇ ಹಾಗೆ. ತಪ್ಪಾದದ್ದು ಆಮೇಲೆ. ಸಾಹೇಬರು ಎದ್ದು ನಿಂತು, ಮುರಿದ ಕನ್ನಡಕವನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯನ್ನು ಒಂದಿಷ್ಟು ಬಲಕ್ಕೆ ವಾಲಿಸಿ ಮಾವನಿಗೆ ಹೇಳಿದರು: "ತುಂಬಾ ಸಾರಿ ಸರ್. ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಬೇರೆ ಏನಾದರೂ ಸಹಾಯ ಬೇಕಿತ್ತಾ?"

ಮಾವ ಬೆಪ್ಪಾಗಿ ನೋಡಿದರು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ತಲೆಯ ಮೇಲಿನ ಫ್ಯಾನು ಮಾತ್ರ ತನ್ನ ಪಾಡಿಗೆ ಕಟಕಟ ಅನ್ನುತ್ತಿತ್ತು.

ಸಾಹೇಬರದೂ ತಪ್ಪಲ್ಲ ಅನ್ನಿ. ಅವರು ಒಂದು ಫ್ಯಾನ್ ಕಂಪನಿಯ ದೂರು ಕೌಂಟರಿನಲ್ಲಿ ಕೂರುವವರು. ಬೆಳಗಿನಿಂದ ಸಂಜೆಯವರೆಗೆ ಜನ ಕೆಂಡಾಮಂಡಲವಾಗಿ ಬರುತ್ತಾರೆ, ಇವರು ತಲೆ ವಾಲಿಸಿ ಇದೇ ಮೂರು ವಾಕ್ಯ ಹೇಳುತ್ತಾರೆ, ಜನ ತಣ್ಣಗಾಗಿ ಹೋಗುತ್ತಾರೆ. ಫ್ಯಾನು ಹಾಳಾದದ್ದು ಹಾಳಾಗಿಯೇ ಇರುತ್ತದೆ. ಅದಕ್ಕೇ ಅವರಿಗೆ ಆ ಹೆಸರು ಬಂದದ್ದು. ಸಾರಿ ಅವರ ಹೊಟ್ಟೆಪಾಡು. ಆದರೆ ಹೊಟ್ಟೆಪಾಡಿನ ಮಾತನ್ನು ಮನೆಗೆ ತರಬಾರದಲ್ಲ, ಅದೂ ಹೆಣ್ಣು ಕೊಟ್ಟ ಮಾವನ ಮುಂದೆ.

ಹೆಂಡತಿ ಒದ್ದೆ ಕೈಯಲ್ಲೇ ಹೊರಗೆ ಬಂದಳು. "ಕೇಳಿದ್ಯಾ ಅಪ್ಪಾ? ನಂಗೂ ಹೀಗೇ ಹೇಳ್ತಾರೆ. ಈ ಫ್ಯಾನು ಕಟಕಟ ಅಂತಿದೆ, ನಿಮ್ಮ ಕಂಪನೀದೇ ಅಲ್ವಾ, ಸರಿ ಮಾಡ್ಸಿ ಅಂತ ಹೇಳಿ ಹೇಳಿ ಸಾಕಾಯ್ತು. ಪ್ರತಿ ಸಲಾನೂ ಸಾರಿ. ಅಲ್ರೀ, ನಾನು ನಿಮ್ಮ ಹೆಂಡ್ತೀನೋ, ಗಿರಾಕೀನೋ?"

ಸಾಹೇಬರ ಬಾಯಿಗೆ ಮತ್ತೆ ಅದೇ ಬಂತು. "ತುಂಬಾ ಸಾ…" ಎನ್ನುವಷ್ಟರಲ್ಲಿ ಮಾವ ಕೈ ಎತ್ತಿದರು.

ಮಾವ ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತರಾದವರು. ಊಟ ಬಿಟ್ಟಾರು, ಪಾಠ ಬಿಡುವವರಲ್ಲ. "ಅಳಿಯಂದಿರೇ, ನೀವು ಹಗಲೆಲ್ಲ ಅನ್ನೋ ಆ ಪದ ಎಲ್ಲಿಂದ ಬಂತು ಗೊತ್ತಾ?" ಎಂದು ಶುರುಮಾಡಿದರು. ಅದು ಇಂಗ್ಲಿಷಿನ ಬಹಳ ಹಳೆಯ ಮಾತಂತೆ. ಗಂಟಲು ಸೋರ್ ಆಗಿದೆ ಅನ್ನುತ್ತೇವಲ್ಲ, ಆ ಸೋರ್ ಇದರ ತಾಯಿಬೇರಂತೆ. ನೋವು, ಹುಣ್ಣು ಎಂದು ಅರ್ಥ. ದುಃಖಕ್ಕೆ ಹೇಳುವ ಸಾರೋ ಇದರ ಒಡಹುಟ್ಟಿದ್ದು ಎಂದು ಎಲ್ಲರೂ ತಿಳಿದಿದ್ದಾರೆ, ಅಲ್ಲವಂತೆ, ಅದು ಬರೀ ಪಕ್ಕದ ಮನೆಯದಂತೆ. ಹಿಂದಿನವರು ಸಾರಿ ಎಂದರೆ ನನಗೆ ನೋಯುತ್ತಿದೆ ಎಂದರ್ಥ. ಈಗಿನವರು ಬಸ್ಸಿನಲ್ಲಿ ಕಾಲು ತುಳಿದು, ತುಳಿದ ಕಾಲನ್ನು ಎತ್ತದೇ ಸಾರಿ ಅನ್ನುತ್ತಾರೆ.

"ನಿಮಗೆ ಈಗ ಎಲ್ಲಿ ನೋಯ್ತಿದೆ, ತೋರಿಸಿ," ಎಂದರು ಮಾವ.

ಸಾಹೇಬರು ಯೋಚಿಸಿ, ಕನ್ನಡಕ ಚುಚ್ಚಿದ ಜಾಗವನ್ನು ತೋರಿಸುವುದು ಸಭ್ಯವಲ್ಲವೆಂದು ಸುಮ್ಮನಾದರು.

ಹೆಂಡತಿ ಒಳಗೆ ಹೋಗಿ ಬಟ್ಟೆಯ ಚೀಲ ತಂದು ಮಂಚದ ಮೇಲೆ ಇಟ್ಟಳು. ಸಂಜೆ ಅಪ್ಪ ಊರಿಗೆ ಹೊರಡುತ್ತಾರೆ, ನಾನೂ ಹೊರಡುತ್ತೇನೆ, ಯಾವಾಗ ಬರುತ್ತೇನೆಂದು ಕೇಳಬೇಡಿ ಎಂದಳು. "ಅಷ್ಟರೊಳಗೆ ಒಂದೇ ಒಂದು ಸಲ ಮನಸ್ಸಿಂದ ಹೇಳಿದ್ರೆ ಉಳ್ಕೋತೀನಿ. ಕೌಂಟರಿನ ಸಾರಿ ನಂಗೆ ಬೇಡ. ಫ್ಯಾನಿನ ವಿಷಯಕ್ಕೆ ನಾನೇ ನಿಮ್ಮ ಕಂಪನಿಗೆ ಫೋನ್ ಮಾಡ್ತೀನಿ."

ಮಾವ ಅದಕ್ಕೊಂದು ಬಾಲ ಅಂಟಿಸಿದರು. ಸಂಜೆ ಹೇಳುವ ಮಾತಿಗೆ ತೂಕ ಬರಬೇಕಾದರೆ ಹಗಲೆಲ್ಲ ಅದನ್ನು ನೀರಿನಂತೆ ಚೆಲ್ಲಬಾರದು, ನೋವಾಗದೆ ಇವತ್ತು ಯಾರಿಗೂ ಸಾರಿ ಅನ್ನಕೂಡದು. ಸಾಹೇಬರು ಮಾತು ಕೊಟ್ಟರು. ಕೊಡದೆ ಏನು ಮಾಡುತ್ತಾರೆ? ಹೆಂಡತಿ ಇಲ್ಲದ ಆ ಮನೆಯಲ್ಲಿ ಕಟಕಟ ಕೇಳುತ್ತಾ ಒಬ್ಬರೇ ಕೂರುವುದನ್ನು ನೆನೆಯಲೂ ಅವರಿಂದ ಆಗುತ್ತಿರಲಿಲ್ಲ. ಇದನ್ನೇ ಹೇಳಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು. ಗಂಡಸರ ಹಣೆಬರಹ, ಹೇಳಲಿಲ್ಲ.

ಕದ್ದುಮುಚ್ಚಿ ಮಾತು ಮುರಿಯೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಪಕ್ಕದ ಮನೆಯ ಕ್ಯಾಶಿಯರಮ್ಮ ಅವರ ಕಂಪನಿಯಲ್ಲೇ ಕ್ಯಾಶಿನಲ್ಲಿ ಕೂರುವವಳು, ಸಾಹೇಬರ ಕೌಂಟರಿಗೆ ಅಂಟಿಕೊಂಡೇ ಅವಳ ಗೂಡು. ಎರಡು ಮನೆಗಳ ನಡುವಿನ ಗೋಡೆ ಅವಳಿಗೆ ಗೋಡೆಯೇ ಅಲ್ಲ. ಸಾಹೇಬರು ಆಫೀಸು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. "ನಾನು ಕಿವಿ ಇಟ್ಕೊಂಡಿರ್ತೀನಿ, ನಿಮ್ಮ ಮನೆಯವರು ಹೇಳಿದ್ದಾರೆ," ಎಂದಳು.

ಮೊದಲು ಬಂದದ್ದು ಒಬ್ಬ ದಪ್ಪ ಹೆಂಗಸು. ಹೊಸ ಫ್ಯಾನು ಹಾಕಿದ ದಿನದಿಂದ ಓಲಾಡುತ್ತಿದೆ, ಯಾವಾಗ ತಲೆಯ ಮೇಲೆ ಬೀಳುತ್ತದೋ ಎಂದು ಮನೆಮಂದಿಯೆಲ್ಲ ಗೋಡೆಗೆ ಅಂಟಿಕೊಂಡು ಓಡಾಡುತ್ತಿದ್ದೇವೆ ಎಂದು ಕೂಗಾಡಿದಳು. ಸಾಹೇಬರು ತಲೆ ವಾಲಿಸಿದರು, ಬಾಯಿ ತೆರೆದರು. ಕ್ಯಾಶಿಯರಮ್ಮ ಗೂಡಿನಿಂದ ಕತ್ತು ಹಾಕಿದಳು. ಬಾಯಿ ತೆರೆದೇ ಉಳಿಯಿತು. ಆ ಹೆಂಗಸಿನ ಸಿಟ್ಟೆಲ್ಲ ಇಳಿದು ಗಾಬರಿ ಹತ್ತಿತು. "ಯಾಕಪ್ಪಾ, ದವಡೆ ಹಿಡ್ಕೊಂಡಿತಾ?" ಎಂದು ಕೇಳಿ, ನೀರು ಕುಡಿಸಲು ಹೇಳಿ, ಬೆಂಚಿನ ಮೇಲೆ ಕೂತಳು.

ಅವಳ ಹಿಂದೆಯೇ ಒಬ್ಬ ಮುದುಕರು. ಅವರ ಫ್ಯಾನಿನ ಗಾಳಿ ಅವರಿಗೆ ಬರದೆ ಕಿಟಕಿ ದಾಟಿ ಎದುರುಮನೆಗೆ ಹೋಗುತ್ತದಂತೆ. ಅವರ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಬಂದವರು ಬಂದಂತೆ ಹೋಗುತ್ತಿದ್ದ ಕೌಂಟರು ಅದು. ಈಗ ಬಂದವರೆಲ್ಲ ಉಳಿದರು, ಬೆಂಚು ತುಂಬಿತು, ಹಜಾರವೂ ತುಂಬಿತು. ಉಳಿದವರು ಒಬ್ಬರಿಗೊಬ್ಬರು ಮಾತಾಡಿಕೊಂಡು, ಕಂಪನಿಯ ಫ್ಯಾನುಗಳೆಲ್ಲ ಹೀಗೇ ಎಂಬ ಸತ್ಯವನ್ನು ಕಂಡುಕೊಂಡರು.

ಮ್ಯಾನೇಜರು ಕೋಣೆಯಿಂದ ಇಣುಕಿ ಹೌಹಾರಿದರು. "ಏನ್ರೀ ಇದು ಜಾತ್ರೆ? ಒಂದು ಸಾರಿ ಬಿಸಾಕಿ ಕಳಿಸೋಕೆ ನಿಮಗೇನು ಗಂಟು ಹೋಗುತ್ತೆ?" ಎಂದು ಪಿಸುಗುಟ್ಟಿ ಬಾಗಿಲು ಹಾಕಿಕೊಂಡರು.

ಸಾಹೇಬರು ಕ್ಯಾಶಿಯರಮ್ಮನ ಕಡೆ ದೀನರಾಗಿ ನೋಡಿದರು. ಅವಳಿಗೂ ಕನಿಕರ ಬಂತು. ಕನಿಕರ ಬಂದವರು ಕೊಡುವ ಸಲಹೆಯಷ್ಟು ಅಪಾಯದ್ದು ಬೇರೆ ಇಲ್ಲ. ನೋವಾಗದೆ ಹೇಳಬಾರದು ಎಂದರೆ ನೋವು ಮಾಡಿಕೊಂಡು ಹೇಳಬಹುದು ಎಂದಾಯಿತಲ್ಲ ಎಂದಳು ಅವಳು. ಕಾಗದಕ್ಕೆ ಚುಚ್ಚುವ ಗುಂಡುಪಿನ್ನೊಂದನ್ನು ಹುಡುಕಿ, ನೀವು ಗಿರಾಕಿ ಕಡೆ ನೋಡಿ, ಮಿಕ್ಕದ್ದು ನನಗೆ ಬಿಡಿ ಎಂದಳು.

ದಪ್ಪ ಹೆಂಗಸು ಮತ್ತೆ ಕೌಂಟರಿಗೆ ಬಂದಳು. ಸಾಹೇಬರು ತಲೆ ವಾಲಿಸಿದರು. ಗೂಡಿನಿಂದ ಕೈ ಬಂತು. "ತುಂಬಾ… ಅಯ್ಯಯ್ಯಯ್ಯೋ ಸಾರಿ!" ಎಂದು ಸಾಹೇಬರು ಕುರ್ಚಿಯಿಂದ ಎರಡು ಗೇಣು ಮೇಲೆ ಹಾರಿದರು. ಆ ಹೆಂಗಸು ಎದೆ ಹಿಡಿದುಕೊಂಡು ಹಿಂದಕ್ಕೆ ಸರಿದು ಮುದುಕರ ಮೇಲೆ ಬಿದ್ದಳು. ಮುದುಕರು ಸಾರಿ ಅಂದರು. ಅವರಿಗೆ ನಿಜವಾಗಿಯೂ ನೋವಾಗಿತ್ತು.

ಸದ್ದು ಕೇಳಿ ಗೋಡೌನಿನಿಂದ ಗೋಡೌನ್ ಗುಂಡಣ್ಣ ಓಡಿ ಬಂದ. ಹೊಸ ಫ್ಯಾನಿನ ಪೆಟ್ಟಿಗೆಗಳನ್ನು ಹೊತ್ತು ಹಾಕುವ ಆಳು ಅವನು, ಕೈ ಬಲ, ಮನಸ್ಸು ಮೆತ್ತಗೆ. ಕ್ಯಾಶಿಯರಮ್ಮ ಸಂಗತಿ ಹೇಳಿದಳು. ಪಿನ್ನಿನ ನೋವು ಎಷ್ಟು ಹೊತ್ತು ಇರುತ್ತದೆ, ಪ್ರತಿ ಗಿರಾಕಿಗೂ ಹೊಸದಾಗಿ ಚುಚ್ಚಬೇಕು, ಅದರ ಬದಲು ಸಂಜೆಯವರೆಗೆ ಬಾಳುವಂಥ ಒಂದು ನೋವು ಸಾಕಲ್ಲವೇ ಎಂದು ಅವನು ಲೆಕ್ಕ ಹಾಕಿದ. ಸಾಹೇಬರು ಬೇಡ ಎನ್ನುವಷ್ಟರಲ್ಲಿ ಹೆಗಲ ಮೇಲಿದ್ದ ಪೆಟ್ಟಿಗೆ ಅವರ ಕಾಲಿನ ಹೆಬ್ಬೆರಳ ಮೇಲಿತ್ತು.

ಆ ಕೂಗಿಗೆ ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತರು. ಒಳಗಿದ್ದ ಗಿರಾಕಿಗಳು ಈ ಕಂಪನಿಯಲ್ಲಿ ದೂರು ಕೊಟ್ಟರೆ ಮೇಲೆಬಿದ್ದು ಅರಚುತ್ತಾರೆ ಎಂದು ದಂಗುಬಡಿದು ಹೊರಗೆ ಓಡಿದರು. ಓಡಿದವರಲ್ಲಿ ಯಾರೋ ಕಂಪನಿಯ ಯಜಮಾನರಿಗೇ ಫೋನು ಮಾಡಿದರು.

ಕೌಂಟರಿನ ಫೋನು ಹೊಡೆದುಕೊಂಡಿತು. ಎಲ್ಲ ಕರೆಗಳಂತೆ ಅದೂ ಮೊದಲು 'ಈ ಕರೆಯನ್ನು ಧ್ವನಿಮುದ್ರಿಸಿಕೊಳ್ಳಲಾಗುತ್ತದೆ' ಎಂದು ತನ್ನ ಶಾಸ್ತ್ರ ಮುಗಿಸಿತು. ಆಮೇಲೆ ಯಜಮಾನರ ದನಿ. ನಿನ್ನನ್ನು ಅಲ್ಲಿ ಕೂರಿಸಿದ್ದು ಜನರನ್ನು ತಣ್ಣಗೆ ಮಾಡಲೋ, ಹೆದರಿಸಲೋ, ಎಷ್ಟು ಜನ ದೂರುತ್ತಿದ್ದಾರೆ ಗೊತ್ತೇ, ಈಗಲೇ ಒಂದು ಉತ್ತರ ಕೊಡು, ಇಲ್ಲವಾದರೆ ಮನೆಗೆ ಹೋಗು ಎಂದರು.

ಮನೆ ಎಂದದ್ದೇ ತಡ, ಸಾಹೇಬರ ಕಣ್ಣ ಮುಂದೆ ಮಂಚದ ಮೇಲಿನ ಚೀಲ ಬಂತು. ಹೆಬ್ಬೆರಳು ಧಗಧಗ ಉರಿಯುತ್ತಿತ್ತು. ಕೆಲಸ ಹೋಯಿತು, ಹೆಂಡತಿ ಹೋದಳು, ಉಳಿಯುವುದು ಆ ಕಟಕಟ ಒಂದೇ. ಅವರಿಗೆ ಯಜಮಾನರು ಮರೆತೇ ಹೋದರು, ಕೌಂಟರಿನ 'ನೀವು' ಮಾತ್ರ ನಾಲಿಗೆ ಬಿಡಲಿಲ್ಲ. ಎಲ್ಲೋ ಒಳಗಿನಿಂದ, ತಮ್ಮ ದನಿಯೇ ಅಲ್ಲವೆಂಬಂಥ ದನಿಯಲ್ಲಿ ಮಾತು ಬಂತು.

"ಸಾರಿ. ನಂಗೆ ನಿಜವಾಗ್ಲೂ ನೋಯ್ತಿದೆ. ನೀವು ಎಷ್ಟು ಸಲ ಹೇಳಿದ್ರಿ, ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ. ಬಾಯಲ್ಲಿ ಸಾರಿ ಅಂದು ಸುಮ್ಮನಾಗ್ತಿದ್ದೆ. ಇನ್ಮೇಲೆ ಹಾಗೆ ಮಾಡಲ್ಲ. ನನ್ನನ್ನ ಬಿಟ್ಟು ಹೋಗಬೇಡಿ." ಕೊನೆಗೆ ಒಂದು ಬಿಕ್ಕಳಿಕೆ, ಮೂಗು ಏರಿಸಿಕೊಂಡ ಸೊರಕ್ ಎಂಬ ಸದ್ದು.

ಆಮೇಲೆ ಯಜಮಾನರು ಗಂಟಲು ಸರಿಮಾಡಿಕೊಂಡರು. "ಏನಯ್ಯಾ, ಇಂಥ ದನಿ ಇಟ್ಕೊಂಡು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ? ನನ್ನ ಕಣ್ಣಲ್ಲೇ ನೀರು ಬಂತಲ್ಲ. ನಾಳೆಯಿಂದ ನೀನು ಕೌಂಟರಲ್ಲಿ ಕೂತು ಕಷ್ಟಪಡಬೇಕಾಗಿಲ್ಲ."

ಸಾಹೇಬರು ಇದನ್ನು ಬಡ್ತಿ ಎಂದೇ ತಿಳಿದರು. ಕ್ಯಾಶಿಯರಮ್ಮ ಕಣ್ಣೊರೆಸಿಕೊಂಡಳು. ಗೋಡೌನ್ ಗುಂಡಣ್ಣ ಎಲ್ಲ ತನ್ನ ಪೆಟ್ಟಿಗೆಯ ಮಹಿಮೆ ಎಂದ. ಮ್ಯಾನೇಜರು ಮಾತ್ರ ಏನೋ ಹೇಳಲು ಬಂದು, ಹೇಳದೆ, ಸಾಹೇಬರ ಬೆನ್ನು ತಟ್ಟಿ ಒಳಗೆ ಹೋದರು.

ಸಾಹೇಬರು ಆ ಸಂಜೆ ಮನೆಗೆ ಬರಿಗೈಯಲ್ಲಿ ಹೋಗಲಿಲ್ಲ. ಕಾಲಿನ ಮೇಲೆ ಬಿದ್ದಿದ್ದ ಅದೇ ಪೆಟ್ಟಿಗೆಯನ್ನು ಕೊಂಡುಕೊಂಡು, ಹೆಗಲ ಮೇಲೆ ಹೊತ್ತು, ಕುಂಟುತ್ತಾ ನಡೆದರು. ಮನೆಯಲ್ಲಿ ಮಾವ ಒಡೆದ ಕನ್ನಡಕಕ್ಕೆ ದಾರ ಸುತ್ತಿಕೊಂಡು ಕೂತಿದ್ದರು. ಹೆಂಡತಿ ಚಪ್ಪಲಿ ಮೆಟ್ಟಿಯಾಗಿತ್ತು. ಸಾಹೇಬರು ಪೆಟ್ಟಿಗೆ ಇಳಿಸಿ ಅವಳ ಮುಂದೆ ನಿಂತರು. ಈ ಸಲ ತಲೆ ವಾಲಲಿಲ್ಲ. ಹಗಲು ಒಳಗಿನಿಂದ ಬಂದದ್ದು ಅವಳಿಗೇ ಸೇರಬೇಕಾದ ಮಾತು, ಹಾಗಾಗಿ ಅದೇ ಮತ್ತೆ ಬಂತು.

"ಸಾರಿ. ನಂಗೆ ನಿಜವಾಗ್ಲೂ ನೋಯ್ತಿದೆ. ನೀನು ಎಷ್ಟು ಸಲ ಹೇಳಿದೆ, ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ. ಬಾಯಲ್ಲಿ ಸಾರಿ ಅಂದು ಸುಮ್ಮನಾಗ್ತಿದ್ದೆ. ಇನ್ಮೇಲೆ ಹಾಗೆ ಮಾಡಲ್ಲ. ನನ್ನನ್ನ ಬಿಟ್ಟು ಹೋಗಬೇಡ." ಬಿಕ್ಕಳಿಕೆಯೂ ಬಂತು, ಮೂಗೂ ಸೊರಕ್ ಎಂದಿತು.

ಹೆಂಡತಿಯ ಕಣ್ಣು ತುಂಬಿತು. ಅವಳು ಚಪ್ಪಲಿ ಬಿಟ್ಟಳು. "ಇದೇ, ಇದೇ ಮೂಲಾರ್ಥ," ಎಂದು ಮಾವ ದಾರದ ಕನ್ನಡಕದೊಳಗೇ ಕಣ್ಣು ಒರೆಸಿಕೊಂಡರು. ಚೀಲ ಮಂಚದಿಂದ ಮತ್ತೆ ಅಟ್ಟಕ್ಕೆ ಹೋಗುವುದೊಂದೇ ಬಾಕಿ.

ಆಗ ಹೆಂಡತಿಯ ಫೋನು ಹೊಡೆದುಕೊಂಡಿತು. "ನಿಮ್ಮ ಕಂಪನಿಯವರೇ ಇರ್ಬೇಕು," ಎಂದು ಅವಳು ನಾಚಿಕೊಂಡು ನಕ್ಕಳು. "ಮಧ್ಯಾಹ್ನ ಸಿಟ್ಟಲ್ಲಿ ದೂರು ಕೊಟ್ಟಿದ್ದೆ, ತಿರುಗಿ ಮಾಡ್ತೀವಿ ಅಂದಿದ್ರು. ಬೇಡ ಅಂತ ಹೇಳ್ಬಿಡ್ತೀನಿ." ಅಪ್ಪನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು.

"ಸಾರಿ," ಎಂದಿತು ಫೋನು. "ನಂಗೆ ನಿಜವಾಗ್ಲೂ ನೋಯ್ತಿದೆ. ನೀವು ಎಷ್ಟು ಸಲ ಹೇಳಿದ್ರಿ, ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ…"

ಹೆಂಡತಿ ಫೋನಿನ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. ನೀನು ಎನ್ನುವಲ್ಲಿ ನೀವು, ಅಷ್ಟೇ ವ್ಯತ್ಯಾಸ. ನನ್ನನ್ನ ಬಿಟ್ಟು ಹೋಗಬೇಡಿ ಎಂಬುದೂ ಬಂತು. ಬಿಕ್ಕಳಿಕೆ ಬಂತು. ಸೊರಕ್ ಬಂತು. ತಮ್ಮ ಕುರ್ಚಿಯಲ್ಲಿ ನಾಳೆಯಿಂದ ಕೂರುವುದು ಧ್ವನಿಮುದ್ರಿಸಿಕೊಂಡ ತಮ್ಮದೇ ದನಿ ಎಂದು ಸಾಹೇಬರಿಗೆ ಹೊಳೆದದ್ದು ಆ ಕ್ಷಣ. ಆದರೆ ಕುರ್ಚಿಯ ಚಿಂತೆ ಮಾಡಲು ಪುರುಸೊತ್ತೆಲ್ಲಿ?

ಫೋನಿನಲ್ಲಿ ಈಗ ಒಂದು ಹೆಣ್ಣುದನಿ ಇಂಪಾಗಿ ಹೇಳಿತು: "ಈ ಕ್ಷಮೆಯನ್ನು ಮತ್ತೊಮ್ಮೆ ಕೇಳಲು ಎರಡನ್ನು ಒತ್ತಿ."

ಹೆಂಡತಿ ಎರಡನ್ನು ಒತ್ತಿದಳು. ಫೋನನ್ನು ಮೇಜಿನ ಮೇಲಿಟ್ಟು ಚಪ್ಪಲಿ ಮೆಟ್ಟಿದಳು. ಮಾವ ಚೀಲ ಎತ್ತಿಕೊಂಡರು.

"ಕೇಳೇ ಇಲ್ಲಿ, ಅದು ಮೊದಲು ನಿನಗೇ…" ಎಂದು ಸಾಹೇಬರು ಕುಂಟುತ್ತಾ ಬಾಗಿಲಿಗೆ ಓಡಿದರು. ಮುಂದೆ ಹೇಳಲು ಅವರ ಹತ್ತಿರ ಇದ್ದದ್ದು ಒಂದೇ ಪದ. ಅದನ್ನು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೇಜಿನ ಮೇಲಿನಿಂದ ಫೋನು ಅದನ್ನು ಹೇಳಿಬಿಟ್ಟಿತು, ಅವರಿಗಿಂತ ಚೆನ್ನಾಗಿ.